ಐಸ್ ಪೆಟ್ಟಿಗೆಯ ಅಳಿಲಿಗೆ ಐದು ದೀಪ

ಐವತ್ತೆಂಟನೇ ಇಸವಿಯಲ್ಲಿ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರು ಅನಂತಪದ್ಮನಾಭರಿಗೆ ಚಳಿದೇಶದಿಂದ ಒಂದು ನೆಲ ಅಳಿಲು ಬಂತು. ಚಳಿಗಾಲವಿಡೀ ಮಲಗುವ ಜಾತಿ. ಮೈಸೂರಿನಲ್ಲಿ ಅಂಥ ಚಳಿ ಎಲ್ಲಿಂದ ತರೋಣ? ಮಂಡಿ ಮೊಹಲ್ಲಾದಿಂದ ದಿನವೂ ಐಸ್ ತರಿಸಿ, ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ ಅದನ್ನು ಮಲಗಿಸಿದರು.

ಕಾವಲಿಗೆ ಅಟೆಂಡರ್ ಶಿವಮಲ್ಲಪ್ಪ, ಆರು ವರ್ಷದಿಂದ ಹಂಗಾಮಿ. ಮೇಷ್ಟ್ರು ಎರಡು ದಿನಕ್ಕೆ ಬೆಂಗಳೂರಿಗೆ ಹೊರಟಾಗ, ಅಳಿಲಿನ ಮೈಬಿಸಿ, ಎದೆಬಡಿತಗಳನ್ನು ಪಟ್ಟಿಯಲ್ಲಿ ಬರೆದಿಡು, ಅದು ಬದುಕಿದ್ದರೆ ನಿನ್ನ ಕೆಲಸ ಖಾಯಂ ಎಂದಿದ್ದರು. ಎಚ್ಚರದಲ್ಲಿ ನಿಮಿಷಕ್ಕೆ ಇನ್ನೂರು ಬಡಿಯುವ ಎದೆ ತಣ್ಣಗಿನ ನಿದ್ದೆಯಲ್ಲಿ ಐದಕ್ಕೆ ಇಳಿಯುತ್ತದೆಂದು ಹೇಳುವುದನ್ನು ಮಾತ್ರ ಮರೆತರು.

ಮಧ್ಯಾಹ್ನ ಬುತ್ತಿ ತಂದ ಹೆಂಡತಿ ಚೆಲುವಮ್ಮ ಅದನ್ನು ಮುಟ್ಟಿದಳು. ಕಲ್ಲಿನಂತಿತ್ತು.

“ಇದು ಹೋಗ್ಬುಟ್ಟದೆ ಕಣ್ರೀ.”

ಖಾಯಂ ಕೆಲಸವೂ ಅದರ ಜೊತೆಗೇ ಹೋಯಿತೆಂದು ಶಿವಮಲ್ಲಪ್ಪ ಕುಕ್ಕರಿಸಿದ. ಪರದೇಶದ ಜೀವ, ಹಿಂದೆ ಮುಂದೆ ಯಾರೂ ಇಲ್ಲ, ಮಣ್ಣಾದರೂ ಕ್ರಮವಾಗಿ ಆಗಲಿ ಎಂದಳು ಚೆಲುವಮ್ಮ. ತಮ್ಮ ಮನೆತನದ ಪದ್ಧತಿಯಂತೆ ಅದನ್ನು ಮೇಜಿನ ಮೇಲೆ ಕೂರಿಸಿ, ಗೋಡೆಗೆ ಒರಗಿಸಿ, ವಿಭೂತಿ ಬಳಿದು, ಸುತ್ತ ಐದು ದೀಪ ಹಚ್ಚಿದರು. ಮುಂದೆ ಒಂದಿಷ್ಟು ಕಡಲೆಪುರಿ. ಅಂಗಳ ಗುಡಿಸುತ್ತಿದ್ದ ಕೆಂಚಮ್ಮ ಒಳಬಂದು, ಯಾವೂರ ಕಂದನೋ ಎಂದು ರಾಗವೆತ್ತಿ ಅತ್ತಳು.

ಮೇಷ್ಟ್ರು ಬಂದು ಪಟ್ಟಿ ಓದಿದರು: ‘ಹನ್ನೆರಡು ಗಂಟೆ: ಶಿವೈಕ್ಯ. ಒಂದು: ದೀಪ ಐದು. ಎರಡು: ಎದೆಗೆ ಜೀವ ಬಂದಿದೆ, ನಡುಗುತ್ತಿದೆ, ಹಿಂಗಾಲಿಗೆ ಬಂದಿಲ್ಲ. ಮೂರು: ಪೂರಾ ಬಂದಿದೆ, ಪುರಿ ತಿನ್ನುತ್ತಿದೆ.’

ಶಿವಮಲ್ಲಪ್ಪ ಕೈಕಟ್ಟಿ ನಿಂತಿದ್ದ. ಮೇಷ್ಟ್ರು ಬೈಯಲಿಲ್ಲ. ದೀಪ ಎಷ್ಟು ದೂರವಿತ್ತು ಎಂದು ಕೇಳಿದರು. ಗೇಣು ಎಂದ. ಒಂದೇ ಸಲ ಆದದ್ದನ್ನು ವಿಜ್ಞಾನ ಒಪ್ಪುವುದಿಲ್ಲ, ಇನ್ನೆರಡು ಸಲ ಹೀಗೇ ಎದ್ದರೆ ಖಾಯಂ ಎಂದರು.

ವಾರ ಬಿಟ್ಟು ಮತ್ತೆ ಐಸ್ ಬಂತು, ಅಳಿಲು ತಣ್ಣಗಾಯಿತು, ವಿಭೂತಿ ಆಯಿತು. ಕೆಂಚಮ್ಮ ಮಾತ್ರ ಪೊರಕೆ ಕೆಳಗಿಡಲಿಲ್ಲ.

“ಒಂದೇ ಸಾವ್ಗೆ ಎರಡ್ಸಲ ಅಳಕಾಗಕಿಲ್ಲ ಸೋಮಿ.”

ಅದು ಎದ್ದದ್ದು ದೀಪದ ಕಾವಿಗೆ, ಅಳುವಿಗಲ್ಲ ಎಂದು ಮೇಷ್ಟ್ರು ಬಿಡಿಸಿ ಹೇಳಿದರು.

“ಅಂಗಾರೆ ನನ್ನ ಬುಟ್ಟು ಎಬ್ಬುಸ್ರಿ, ನೋಡವ.”

ಅಂದು ಗಾಳಿಗೆ ಎರಡು ದೀಪ ಆರಿ, ಅಳಿಲು ಒಂದು ಗಂಟೆ ತಡವಾಗಿ ಎದ್ದಿತು. ಕೆಂಚಮ್ಮ ಕಿಟಕಿಯಲ್ಲಿ ಒಮ್ಮೆ ಇಣುಕಿ ನೋಡಿ, ಅಂಗಳ ಗುಡಿಸಿದಳು.

ಮೂರನೇ ಸಲ ಶಿವಮಲ್ಲಪ್ಪ ಕಿಟಕಿಯನ್ನೂ ಮುಚ್ಚಿದ, ಹೋಗಿ ಅಳಬೇಕೆಂದು ಕೆಂಚಮ್ಮನ ಕೈಯನ್ನೂ ಹಿಡಿದ. ಅವಳು ಮನಸಾರೆ ಅತ್ತಳು. ಅಳಿಲು ಮೊದಲ ಸಲದಂತೆ ಸರಿಯಾಗಿ ಮೂರು ಗಂಟೆಗೆ ಪೂರಾ ಎದ್ದಿತು. ಅವನು ಪಟ್ಟಿಯಲ್ಲಿ ಬರೆದ: ‘ದೀಪ ಐದು, ಕೆಂಚಮ್ಮ ಒಂದು.’

ಮೇಷ್ಟ್ರು ಅದನ್ನು ತಿದ್ದದೆ, ಪಟ್ಟಿಗೂ ಖಾಯಂ ಕಾಗದಕ್ಕೂ ರುಜು ಹಾಕಿದರು.