ತೋಟಾ ಪ್ರೆಸ್ಸಿನ ಕಿರುಚಾಟ

ಅಜ್ಜಂಪುರದ ದೇವೀರಪ್ಪ ಮಾಂಸ ಮುಟ್ಟುವವನಲ್ಲ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಹಣೆಯ ತುಂಬ ವಿಭೂತಿ, ಲಿಂಗಪೂಜೆಯಾಗದೆ ಗುಟುಕು ನೀರೂ ಇಳಿಯದು. ಆದರೆ ಬೇಟೆ ಅಂದರೆ ಸಾಕು, ಉಣ್ಣುವ ತಟ್ಟೆ ಬಿಟ್ಟು ಏಳುವ ಮನುಷ್ಯ. ಹೊಡೆದದ್ದನ್ನು ತಿನ್ನುವುದೂ ಇಲ್ಲ, ಹೊಡೆಯುವುದನ್ನು ಬಿಡುವುದೂ ಇಲ್ಲ. ಈ ಚಪಲಕ್ಕೆ ಏನು ಹೆಸರಿಡಬೇಕು ಎಂದು ಅವನ ಹೆಂಡತಿ ದಾಕ್ಷಾಯಣಮ್ಮ ಮದುವೆಯಾದ ಲಾಗಾಯ್ತಿನಿಂದ ಯೋಚಿಸಿದ್ದಳು. ಕಡೆಗೆ ಹೆಸರಿಡುವುದನ್ನು ಬಿಟ್ಟು ಕಾವಲು ಕೂರುವುದನ್ನು ಕಲಿತಿದ್ದಳು.

ಕಾವಲಿಗೆ ಕಾರಣವಿತ್ತು. ಹಿಂದಿನ ವರ್ಷ ಪ್ಲೇಗು ಬಂದು ಊರಿಗೆ ಊರೇ ಹೊರಗೆ ಗುಡಿಸಲು ಹಾಕಿಕೊಂಡಿದ್ದಾಗ ದೇವೀರಪ್ಪನ ಕಂಕುಳಲ್ಲಿ ಗಡ್ಡೆ ಎದ್ದಿತು. ಚೌಳಹಿರಿಯೂರಿನ ತವರಿನಲ್ಲಿ ಅದೇ ಗಡ್ಡೆ ಅವಳ ಇಬ್ಬರು ಅಣ್ಣಂದಿರನ್ನು ಕೊಂಡೊಯ್ದಿತ್ತು. ದಾಕ್ಷಾಯಣಮ್ಮ ಮಠದ ಅಯ್ಯನವರನ್ನು ಗುಡಿಸಲಿಗೇ ಕರೆಸಿ, ಅವರ ಪಾದದ ಮುಂದೆ ಹರಕೆ ಹೊತ್ತಳು. ಗಂಡ ಎದ್ದು ಕೂತರೆ ಈ ಮನೆಯವರ ಕೈ ಇನ್ನು ಯಾವ ಜೀವವನ್ನೂ ತೆಗೆಯುವುದಿಲ್ಲ ಎಂದಳು. ಮಲಗಿದ್ದ ಗಂಡ ತಲೆಯಾಡಿಸಿದ. ಎದ್ದೂ ಕೂತ. ಮೈಯಲ್ಲಿ ರಕ್ತ ತುಂಬಿಕೊಂಡ ಮೇಲೆ ಹೊಸ ರಾಗ ಶುರುವಾಯಿತು.

"ನಾನೆಲ್ಲಿ ತಲೆ ಆಡಿಸ್ದೆ? ಚಳಿಜ್ವರಕ್ಕೆ ತಲೆ ತಾನೇ ಆಡ್ತಿತ್ತು ಕಣೇ!"

ಸಂಕಟ ಬಂದಾಗ ವೆಂಕಟರಮಣ ಎನ್ನುವವರನ್ನು ನಾವೆಲ್ಲ ಕಂಡಿದ್ದೇವೆ. ಸಂಕಟ ಹೋದ ಮೇಲೆ ತಲೆಯಾಡಿದ್ದಕ್ಕೇ ತಕರಾರು ತೆಗೆಯುವವರು ಅಪರೂಪ. ದಾಕ್ಷಾಯಣಮ್ಮನಿಗೆ ಮಾತ್ರ ಇದು ನಗೆಯ ಮಾತಾಗಿರಲಿಲ್ಲ. ಹರಕೆ ಮುರಿದ ದಿನ ಗಡ್ಡೆ ಮತ್ತೆ ಏಳುತ್ತದೆ ಎಂದು ಅವಳು ನಂಬಿದ್ದಳು. ಗಂಡ ಸ್ನಾನಕ್ಕೆ ಕೂತಾಗ ಬೆನ್ನುಜ್ಜುವ ನೆವದಲ್ಲಿ ಅವನ ಕಂಕುಳು ಸವರಿ ನೋಡುತ್ತಿದ್ದಳು. ಅವನು ಕಚಗುಳಿಯೆಂದು ನಗುತ್ತಿದ್ದ, ಅವಳಿಗೆ ಅಳು ಬರುತ್ತಿತ್ತು.

ಈ ಗಂಡ ಹೆಂಡಿರ ನಡುವೆ ನಿಂತಿದ್ದದ್ದು ಒಂದು ತೋಟಾ ಪ್ರೆಸ್ಸು. ಹಾರಿಸಿದ ಕೋವಿಯ ತೋಟಾಗಳ ಖಾಲಿ ಹಿತ್ತಾಳೆ ಕೋಶಗಳನ್ನು ಎಸೆಯದೆ ಮತ್ತೆ ತುಂಬುವ ಯಂತ್ರ ಅದು. ಬೆಂಗಳೂರಿನ ದಂಡಿನ ಅಂಗಡಿಯಿಂದ ರೈಲಿನಲ್ಲಿ ಬಂದದ್ದು. ಕೋಶವನ್ನು ಇಟ್ಟು ಹಿಡಿ ಎಳೆದರೆ ಒನಕೆಯಂಥ ಕಂಬಿ ಇಳಿದು ಸುಟ್ಟ ಕೇಪನ್ನು ಹೊರದಬ್ಬುತ್ತಿತ್ತು. ಇನ್ನೊಮ್ಮೆ ಎಳೆದರೆ ಮದ್ದಿಗೆ ಕಿಡಿ ಕೊಡುವ ಹೊಸ ಕೇಪು ಕೂರುತ್ತಿತ್ತು. ಆಮೇಲೆ ಮದ್ದು, ರಟ್ಟಿನ ಬಿಲ್ಲೆ, ಸೀಸದ ಕಾಳು. ಹಿಡಿ ಎಳೆದಾಗಲೆಲ್ಲ ಅದು ಮೊದಲು ಗಡಗಡ ಎಂದು, ನಡುವೆ ಕಿರ್ರ್ ಎಂದು ಕಿರುಚಿ, ಕಡೆಗೆ ಟೊಕ್ ಎನ್ನುತ್ತಿತ್ತು. ಹಿತ್ತಿಲ ಬಾವಿಯವರೆಗೂ ಕೇಳುವ ಕಿರುಚಾಟ.

ಆ ಕಿರುಚಾಟವೇ ದಾಕ್ಷಾಯಣಮ್ಮನ ಕಾವಲುಗಾರ. ಕೇಳಿದ್ದೇ ತಡ, ಮಜ್ಜಿಗೆ ಚೊಂಬು ಹಿಡಿದು ಪ್ರೆಸ್ಸಿದ್ದ ಉಗ್ರಾಣದ ಹೊಸ್ತಿಲ ಮೇಲೆ ಬಂದು ಕೂರುತ್ತಿದ್ದಳು.

"ಏನು ಮಾಡ್ತಿದ್ರಿ?"

"ತುಕ್ಕು ಹಿಡಿದೀತು ಅಂತ ಆಡಿಸಿ ನೋಡ್ತಿದ್ದೆ."

"ಆಡ್ಸಿ, ಆಡ್ಸಿ. ನಾನೂ ನೋಡ್ತೀನಿ."

ಹೆಂಡತಿ ನೋಡುತ್ತ ಕೂತರೆ ಯಾವ ಗಂಡ ತಾನೇ ಮದ್ದು ತುಂಬಿಯಾನು? ಮಜ್ಜಿಗೆ ಕುಡಿದು ಏಳುತ್ತಿದ್ದ. ಹೀಗೆ ಆರು ತಿಂಗಳು ಒಂದು ತೋಟಾವೂ ತುಂಬದೆ ಕಳೆಯಿತು.

ಮಾರ್ಗಶಿರದಲ್ಲಿ ಕೆಲಸದ ಅಂಬಮ್ಮ ಸುದ್ದಿ ತಂದಳು. ಅಂಬಮ್ಮನ ಗಂಡ ಮುದ್ದಪ್ಪ ಈ ಮನೆಯ ಗಾಡಿ ಹೊಡೆಯುವವನು, ಬೇಟೆಗೆ ಹೆಜ್ಜೆ ಹುಡುಕುವವನೂ ಅವನೇ.

"ಅಮ್ಮಾರೇ, ಅಮಲ್ದಾರ್ರು ಎಮ್ಮೆದೊಡ್ಡಿ ಕಾವಲ್ ತಾವ ಮೊಕ್ಕಾಂ ಹಾಕ್ತಾರಂತೆ. ಜಿಂಕೆ ತೋರ್ಸೋರು ನಮ್ಮ ಯಜಮಾನ್ರಂತೆ. ತೋಟಾನೂ ಇವ್ರದ್ದೇ ಅಂತೆ."

ಉಗ್ರಾಣದಲ್ಲಿ ಪ್ರೆಸ್ಸಿಗೆ ದೇವೀರಪ್ಪನ ವೈದ್ಯ ಆಗಲೇ ಶುರುವಾಗಿತ್ತು. ಶಬ್ದ ನಿಂತರೆ ಹೆಂಡತಿ ಬರುವುದೂ ನಿಲ್ಲುತ್ತದೆ ಎಂಬುದು ಅವನ ಲೆಕ್ಕ. ಪ್ರೆಸ್ಸಿಗೆ ಕಿವಿಯಿಟ್ಟು ಒಂದೊಂದೇ ಶಬ್ದ ಹಿಡಿದ. ಗಡಗಡ ಎನ್ನುತ್ತಿದ್ದದ್ದು ಕೆಳಗಿನ ಮೇಜಿನ ಗಿಡ್ಡ ಕಾಲು. ಕರಟದ ಚೂರು ಒತ್ತುಕೊಟ್ಟ, ನಿಂತಿತು. ಟೊಕ್ ಎನ್ನುತ್ತಿದ್ದದ್ದು ಹಿಡಿಯ ಸಡಿಲ ಕೀಲು. ತಾಮ್ರದ ತಗಡು ತುರುಕಿದ, ಅದೂ ನಿಂತಿತು. ಉಳಿದದ್ದು ಕಿರುಚಾಟ. ಕೋಶ ಇಡದೆ ಎಳೆದ, ಕಿರುಚಿತು. ಹಿಡಿಯನ್ನೇ ಬಿಚ್ಚಿ ಕಂಬಿಯನ್ನು ಕೈಯಿಂದ ಎತ್ತಿ ಇಳಿಸಿದ, ಆಗಲೂ ಕಿರುಚಿತು. ಅಲ್ಲಿಗೆ ರೋಗ ಕಂಬಿಯದು ಎಂದು ತೀರ್ಮಾನವಾಯಿತು. ತೆಂಗು ಬೆಳೆದವನ ಮನೆಯಲ್ಲಿ ಎಣ್ಣೆಗೇನು ಬರ? ಕಂಬಿಗೆ ತೆಂಗಿನೆಣ್ಣೆಯ ಅಭ್ಯಂಜನವೇ ಆಯಿತು. ಪ್ರೆಸ್ಸು ಮೂಗನಾಯಿತು.

ಮರುದಿನ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಬಿಡುತ್ತ ದಾಕ್ಷಾಯಣಮ್ಮ ಮಂಕಾಗಿದ್ದಳು. ಸದ್ದು ನಿಂತದ್ದು ಯಾಕೆಂದು ಉಗ್ರಾಣದ ತೆಂಗಿನೆಣ್ಣೆಯ ವಾಸನೆಯೇ ಅವಳಿಗೆ ಹೇಳಿತ್ತು. ತಲೆಗೆ ಹಚ್ಚಿಕೊಳ್ಳಲು ತಂದಿಟ್ಟ ತೆಂಗಿನೆಣ್ಣೆ ಚಳಿಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅದನ್ನೊಮ್ಮೆ ನೋಡಿದಳು, ಬೆರಳ ಸಂದಿಯ ರಂಗೋಲಿ ಪುಡಿಯನ್ನೊಮ್ಮೆ ನೋಡಿದಳು. ಎರಡೂ ಒಂದೇ ಬಿಳುಪು. ಚುಕ್ಕಿಗಳನ್ನು ಅರ್ಧಕ್ಕೇ ಬಿಟ್ಟು ಉಗ್ರಾಣಕ್ಕೆ ಹೋಗಿ, ಕಂಬಿಯ ಸುತ್ತ ಒಂದು ಚಿಟಿಕೆ ರಂಗೋಲಿಯ ಕಲ್ಲುಪುಡಿ ಉದುರಿಸಿ ಬಂದಳು. ಅವನು ಚಾಪೆಯ ಕೆಳಗೆ ತೂರಿದರೆ ತಾನು ರಂಗೋಲಿಯ ಕೆಳಗೆ ತೂರಬೇಕು ತಾನೇ!

ಅಂದು ಪ್ರೆಸ್ಸು ಮೂಗುದಾರ ಪೋಣಿಸುವಾಗಿನ ಹೋರಿಯಂತೆ ಕೂಗಿತು. ದೇವೀರಪ್ಪ ಬಗ್ಗಿ ನೋಡಿದ. ಬೆಳ್ಳಗಿದೆ. ಮುಟ್ಟಿದ. ತರಿತರಿಯಾಗಿದೆ. ಹೆಪ್ಪುಗಟ್ಟಿದ ತೆಂಗಿನೆಣ್ಣೆ ಬೆಳ್ಳಗೆ ತರಿತರಿಯಾಗಿಯೇ ಇರುತ್ತದೆ ಎಂಬುದು ಆ ಸೀಮೆಯ ಹಸುಗೂಸಿಗೂ ಗೊತ್ತು.

"ಚಳಿ ಕಣೇ. ಯಂತ್ರಕ್ಕೆ ಚಳಿ ಹಿಡಿದದೆ," ಎಂದ, ಮಜ್ಜಿಗೆ ತಂದವಳಿಗೆ.

"ಪಾಪ," ಎಂದಳು ದಾಕ್ಷಾಯಣಮ್ಮ.

ಒರೆಸಿ, ಎಣ್ಣೆಯನ್ನು ಬಿಸಿಮಾಡಿ ಬಿಟ್ಟ. ಬೆಳಿಗ್ಗೆ ಮತ್ತೆ ಬಿಳುಪು, ಮತ್ತೆ ಕೂಗು. ತಾನು ಪಂಚೆ ಹೊದ್ದು ನಡುಗುತ್ತ ಕಂಬಳಿಯನ್ನು ಪ್ರೆಸ್ಸಿಗೆ ಹೊದಿಸಿದ. ಆಗಲೂ ಕೂಗಿತು. ಕೆಂಡದ ಬಾಣಲಿ ತಂದು ಪಕ್ಕದಲ್ಲಿಡಲು ಹೊರಟಾಗ ಮಾತ್ರ ದಾಕ್ಷಾಯಣಮ್ಮ ಅಡ್ಡ ನಿಂತಳು.

"ಮದ್ದಿನ ಪಕ್ಕ ಕೆಂಡ ಇಡ್ತೀರಾ? ಯಂತ್ರದ ಚಳಿ ಬಿಡ್ಸೋಕೆ ಹೋಗಿ ಮನೇನೇ ಸುಟ್ಟೀರಿ!"

ಗಂಡ ಬಾಣಲಿ ಹಿಡಿದು ಹ್ಯಾಪುಮೋರೆ ಹಾಕಿಕೊಂಡು ಹಿಂದಿರುಗಿದ. ಅವನ ಬೆನ್ನನ್ನು ನೋಡಿ ಅವಳಿಗೆ ಅಯ್ಯೋ ಅನ್ನಿಸಿತು. ಆದರೂ ಮರುದಿನದ ಚಿಟಿಕೆ ತಪ್ಪಲಿಲ್ಲ.

ಅವಳ ಉಪಾಯ ಕೆಡಿಸಿದವನು ಮುದ್ದಪ್ಪ. ಎತ್ತು ಬಿಚ್ಚಿ ಬಂದವನು ಯಜಮಾನನ ಪಾಡು ನೋಡಿ ನಕ್ಕ.

"ಚಳೀಲಿ ತೆಂಗಿನೆಣ್ಣೆ ಯಾಕೆ ಯಜಮಾನ್ರೇ? ಗಾಡಿ ಅಚ್ಚಿಗೆ ನಾನೇನ್ ತೆಂಗಿನೆಣ್ಣೆ ಹಾಕ್ತೀನಾ? ಕೀಲೆಣ್ಣೆ ಬಿಡಿ. ಎಂಥ ಚಳಿಗೂ ಜಗ್ಗಾಕಿಲ್ಲ."

ಗಾಡಿಯ ಅಡಿಯಲ್ಲಿ ತೂಗುಬಿಟ್ಟಿದ್ದ ಬಿದಿರಿನ ಗೊಟ್ಟವನ್ನೇ ಬಿಚ್ಚಿ ತಂದ. ಹರಳೆಣ್ಣೆಗೆ ಹುಲ್ಲು ಸುಟ್ಟ ಮಸಿ ಕಲಸಿದ ಕಪ್ಪು ಕೀಲೆಣ್ಣೆ. ಗಾಡಿಯ ಅಚ್ಚಿಗೆ ಹೇಗೋ ಹಾಗೆಯೇ ಬಳಿದರು. ಕೈ ಬಿಗಿಹಿಡಿದು ಬಳಿದರೆ ಗಾಡಿಯವನು ಹೇಗಾದಾನು? ಕಂಬಿಯಿಂದ ಇಳಿದು, ಕೇಪು ಕೂರುವ ಕುಳಿಯೂ ತುಂಬಿ, ಮೇಜಿನ ಮೇಲೆ ಹರಿಯಿತು.

ಮರುದಿನ ಬೆಳಿಗ್ಗೆ ದಾಕ್ಷಾಯಣಮ್ಮ ಉದುರಿಸಿದ ರಂಗೋಲಿ ಪುಡಿಯನ್ನು ಆ ಕಪ್ಪು ಹಾಗೇ ನುಂಗಿತು. ಹಿಡಿ ತುಂಬ ಸುರಿದಳು, ಅದನ್ನೂ ನುಂಗಿತು. ಇನ್ನೂ ಸುರಿದರೆ ಬೆಳ್ಳಗೆ ಕಂಡು ಸಿಕ್ಕಿಬೀಳುತ್ತಾಳೆ. ಬಾವಿಕಟ್ಟೆಯಲ್ಲಿ ನಿಂತು ಕಿವಿಗೊಟ್ಟಳು. ರಾಟೆಯ ಸದ್ದು ಬಿಟ್ಟರೆ ಏನೂ ಇಲ್ಲ. ಒಳಗೆ ಗಂಡ ತೋಟಾ ತುಂಬುತ್ತಿದ್ದಾನೋ, ಸುಮ್ಮನೆ ಕೂತಿದ್ದಾನೋ ತಿಳಿಯುವ ದಾರಿಯೇ ಇಲ್ಲ. ಎರಡು ಸಲ ಮಜ್ಜಿಗೆ ಹಿಡಿದು ಹೋದಾಗಲೂ ಒಳಗಿನಿಂದ ಅಗುಳಿ ಹಾಕಿತ್ತು.

"ನಿದ್ದೆ ಮಾಡ್ತಿದೀನಿ ಕಣೇ," ಎಂದು ಬಾಗಿಲಾಚೆಯಿಂದ ಉತ್ತರ ಬಂತು.

ನಾಲ್ಕು ದಿನದ ನಂತರ ಅವನು ಕಡೂರಿನ ಕಚೇರಿಯಲ್ಲಿ ಖಾತೆಯ ಕೆಲಸವಿದೆ ಎಂದು ಗಾಡಿ ಕಟ್ಟಿಸಿದ. ಖಾತೆಯ ಕೆಲಸಕ್ಕೆ ಮುದ್ದಪ್ಪ ತಲೆಗೆ ಹಸಿರು ರುಮಾಲು ಯಾಕೆ ಸುತ್ತಬೇಕು, ಹುಲ್ಲಿನ ಕೆಳಗೆ ಉದ್ದನೆಯದೊಂದನ್ನು ಯಾಕೆ ಮುಚ್ಚಿಡಬೇಕು? ಕೇಳಬೇಕೆಂದು ದಾಕ್ಷಾಯಣಮ್ಮ ಬಾಯಿ ತೆರೆದಳು. ಗಂಡನ ಮುಖದಲ್ಲಿ ಹಬ್ಬಕ್ಕೆ ಹೊರಟ ಕಳೆಯಿತ್ತು. ಕೇಳುವ ಮೊದಲೇ ಗಾಡಿ ತಿರುವು ದಾಟಿತು.

ಅಂದು, ಮರುದಿನ ಅವಳಿಗೆ ಅನ್ನ ಸೇರಲಿಲ್ಲ. ಜಗುಲಿಯಲ್ಲಿ ಕೂತರೆ ಅಣ್ಣಂದಿರ ಮುಖ, ಒಳಗೆ ಬಂದರೆ ಗುಡಿಸಲ ಚಾಪೆಯ ಮೇಲೆ ಬೆಂದು ಮಲಗಿದ್ದ ಗಂಡನ ಮುಖ. ಅಷ್ಟೊಂದು ಜಾಣತನ ಮಾಡುವ ಬದಲು ಕಾಲು ಹಿಡಿದು ಬೇಡಿಕೊಂಡಿದ್ದರೆ ನಿಲ್ಲುತ್ತಿದ್ದನೇನೋ ಎಂದು ತನ್ನನ್ನೇ ಬೈದುಕೊಂಡಳು.

ಆ ಮರುದಿನದ ಸಂಜೆಯೇ ಗಾಡಿಯ ಗೆಜ್ಜೆ ಕೇಳಿತು. ಯಜಮಾನ ಪೇಟೆಯ ಮಂಡಿಯ ಬಳಿ ಇಳಿದುಕೊಂಡನಂತೆ, ಬರೀ ಗಾಡಿ ಬಂತು. ಎತ್ತಿಗೆ ನೀರು ತೋರುವಷ್ಟರಲ್ಲಿ ಅಂಬಮ್ಮ ಗಂಡನಿಂದ ಎಲ್ಲ ಕೇಳಿಕೊಂಡು, ಹಿತ್ತಿಲ ಬಾಗಿಲಿಂದ ಸೆರಗು ಬಾಯಿಗಡ್ಡ ಇಟ್ಟುಕೊಂಡು ನುಗ್ಗಿದಳು. ನಗು ತಡೆಯಲಾರದೆ ಅವಳ ಕಣ್ಣಲ್ಲಿ ನೀರು.

"ಒಂದೂ ಹಾರ್ಲಿಲ್ಲ ಅಮ್ಮಾರೇ! ಜಿಂಕೆ ಇಲ್ಲೇ, ಈ ಬಾವಿಯಷ್ಟು ದೂರದಾಗೆ ನಿಂತಿತ್ತಂತೆ. ನಮ್ ಯಜಮಾನ್ರು ಕೋವಿ ಕುದುರೆ ಎಳೆದ್ರೆ ಟಕ್ ಅಂತಂತೆ. ಇನ್ನೊಂದು, ಟಕ್. ಅಮಲ್ದಾರ್ರು ಕಸ್ಕೊಂಡು ಎಳೆದ್ರೂ ಟಕ್. ಜಿಂಕೆ ಹಿಂದಿನ ಕಾಲಾಗೆ ಕಿವಿ ಕೆರ್ಕೊಂಡು ನಿಧಾನಕ್ಕೆ ಹೋಯ್ತಂತೆ! ಬಿಚ್ಚಿ ನೋಡಿದ್ರೆ ಕೇಪೊಳ್ಗೆಲ್ಲ ಕೀಲೆಣ್ಣೆ, ಮದ್ದು ಹುಣ್ಸೇಹಣ್ಣಿನ ಹಂಗೆ ಮುದ್ದೆ. ಅಮಲ್ದಾರ್ರು ಏನಂದ್ರು ಗೊತ್ತಾ? 'ದೇವೀರಪ್ನೋರೇ, ನಿಮ್ಮ ತೋಟಾನೂ ದೀಕ್ಷೆ ತಗೊಂಡದೆ' ಅಂದ್ರಂತೆ!"

ದಾಕ್ಷಾಯಣಮ್ಮ ಗೋಡೆಗೆ ಒರಗಿ ಕೂತಳು. ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ಹರಕೆ ಉಳಿಯಿತು. ಗಂಡ ಉಳಿದ.

ಅಷ್ಟರಲ್ಲಿ ದೇವೀರಪ್ಪ ಒಳಗೆ ಬಂದ. ಪೇಟ ತೆಗೆದಿಟ್ಟು, ಕಾಲು ತೊಳೆದು, ಮಣೆಯ ಮೇಲೆ ಕೂತು ದೊಡ್ಡದೊಂದು ನಿಟ್ಟುಸಿರು ಬಿಟ್ಟ. ಊರಿಗೆಲ್ಲ ಸುದ್ದಿ ಹಬ್ಬುವ ಮೊದಲು ತಾನೇ ಏನಾದರೂ ಹೇಳಿಕೊಂಡರೆ ಲೇಸು ಎಂದು ದಾರಿಯುದ್ದಕ್ಕೂ ಹೊಸೆದುಕೊಂಡೇ ಬಂದಿದ್ದ.

"ಸುಳ್ಳು ಹೇಳಿ ಹೋಗಿದ್ದೆ ಕಣೇ. ಬೇಟೆಗೇ ಹೋಗಿದ್ದು. ಆದ್ರೆ ಆ ಜಿಂಕೆ ನನ್ನ ಕಡೆ ತಿರುಗಿ ನೋಡ್ತು ನೋಡು... ಗುಡಿಸ್ಲಲ್ಲಿ ನೀನು ನನ್ನ ತಲೆ ಹತ್ರ ಕೂತು ನೋಡ್ತಿದ್ದೆಯಲ್ಲ, ಹಂಗೇ ಇತ್ತು. ಬೆರಳು ಏಳ್ಲೇ ಇಲ್ಲ. 'ಒಂದು ಜೀವ ನನ್ನನ್ನ ಉಳಿಸ್ಕೊಂಡದೆ, ಇನ್ನೊಂದನ್ನ ನಾನ್ಯಾಕೆ ತೆಗೀಲಿ' ಅಂತ ಕೋವಿ ಇಳಿಸ್ಬಿಟ್ಟೆ. ಅಮಲ್ದಾರ್ರು ಬೈದ್ರು. ಬೈಲಿ ಬಿಡು ಅಂತ ಬಂದೆ."

ಹೇಳುತ್ತ ಹೇಳುತ್ತ ಅವನ ಕಣ್ಣಂಚಿನಲ್ಲಿ ನಿಜಕ್ಕೂ ನೀರಾಡಿತು. ಅಡುಗೆಮನೆಯಲ್ಲಿದ್ದ ಅಂಬಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ದಾಕ್ಷಾಯಣಮ್ಮ ಮಾತ್ರ ಕಣ್ಣು ಮಿಟುಕಿಸದೆ ಕೇಳಿದಳು. ಎದ್ದು, ಸೆರಗು ಸರಿಮಾಡಿಕೊಂಡು, ನೆಟ್ಟಗೆ ಮಠದ ಕಡೆ ನಡೆದಳು.

ಮರುದಿನ ಬೆಳಿಗ್ಗೆ ಅಯ್ಯನವರೇ ಮನೆಗೆ ಬಂದರು. ಹಿಂದೆ ಅರ್ಧ ಬೀದಿ. ಜಿಂಕೆಯ ಕಣ್ಣು, ಹೆಂಡತಿಯ ಕಣ್ಣು, ಏಳದ ಬೆರಳು, ಎಲ್ಲವೂ ಆಗಲೇ ಬೀದಿಯವರ ಬಾಯಲ್ಲಿತ್ತು. ದೇವೀರಪ್ಪ ಹಲ್ಲುಜ್ಜುವ ಕಡ್ಡಿ ಬಾಯಲ್ಲಿಟ್ಟುಕೊಂಡೇ ಕಲ್ಲಾದ.

"ಕೈಗೆ ಸಿಕ್ಕಿದ ಜೀವವನ್ನು ಬಿಡೋದು ದೊಡ್ಡದಪ್ಪಾ," ಎಂದು ಅಯ್ಯನವರು ಅವನ ಹಣೆಗೆ ವಿಭೂತಿ ಹಚ್ಚಿದರು. "ಹಿಂದೆ ನಿನ್ನ ಹೆಂಡತಿ ಹೊತ್ತ ಹರಕೆ ಅದು. ಇವತ್ತು ನಿನ್ನ ಬಾಯಲ್ಲೇ ಆಗಲಿ."

ದೇವೀರಪ್ಪ ಬೀದಿಯವರನ್ನು ನೋಡಿದ. ಗುಂಪಿನ ಹಿಂದೆ ನಿಂತ ಮುದ್ದಪ್ಪ ಆಕಾಶ ನೋಡುತ್ತಿದ್ದ. ಹೆಂಡತಿಯನ್ನು ನೋಡಿದ. ಅವಳ ಮುಖದಲ್ಲಿ ತುಂಟತನದ ಎಳೆಯೂ ಇರಲಿಲ್ಲ, ಕೈಗಳೆರಡನ್ನೂ ಎದೆಗೆ ಒತ್ತಿಕೊಂಡು ಅವನ ಬಾಯನ್ನೇ ಕಾಯುತ್ತಿದ್ದಳು. ಅವನು ಕಡ್ಡಿ ಎಸೆದು, ಬಾಯಿ ಮುಕ್ಕಳಿಸಿ, ಅಯ್ಯನವರ ಪಾದ ಮುಟ್ಟಿದ.

"ಇನ್ನು ಮೇಲೆ ಈ ಕೈ ಯಾವ ಜೀವಾನೂ ತೆಗೆಯಾಕಿಲ್ಲ, ಬುದ್ಧಿ."

ಜನ ಚದುರಿ, ಅಯ್ಯನವರು ಪ್ರಸಾದ ಮುಗಿಸಿ ಹೊರಟ ಮೇಲೆ ಗಂಡ ಹೆಂಡತಿ ಇಬ್ಬರೇ ಉಳಿದರು. ದೇವೀರಪ್ಪ ಜಗುಲಿಯ ಕಂಬ ಕೆರೆಯುತ್ತ ಕೇಳಿದ.

"ಅಂಬಮ್ಮ ನಿನ್ನೇನೇ ಎಲ್ಲಾ ಹೇಳಿದ್ಲು, ಅಲ್ವಾ?"

"ನೀವು ಮನೆ ಹೊಕ್ಕೋಕೆ ಮುಂಚೇನೇ."

"ಮತ್ತೆ ನಾನು ಅಷ್ಟೊಂದು ಸುಳ್ಳು ಹೇಳ್ತಿದ್ರೆ ಸುಮ್ನೆ ಕೇಳ್ಕೊಂಡು ಕೂತಿದ್ದೆಯಲ್ಲೇ, ಯಾಕೆ?"

ದಾಕ್ಷಾಯಣಮ್ಮ ಪ್ರಸಾದ ಉಂಡ ಎಲೆಗಳನ್ನು ಒಂದರ ಮೇಲೊಂದು ಜೋಡಿಸುತ್ತ ಅವನ ಮುಖ ನೋಡಲಿಲ್ಲ.

"ಆ ಸುಳ್ಳಲ್ಲಿದ್ನಲ್ಲ, ಆ ಗಂಡ ನಂಗೆ ಹಿಡಿಸ್ಬಿಟ್ಟ ಕಣ್ರೀ. ಅವನೇ ಇರ್ಲಿ ಅನ್ನಿಸ್ತು."