ಬೆಂಕಿಗೆ ಹಿಡಿದ ಚೂರಿ

ಎಂಟನೆಯ ದಿನ ಶಂಕ್ರಮ್ಮನ ಕೂಸು ನಗಬಾರದಾಗಿತ್ತು.

ಅಂಬಮ್ಮ ಕಮಲಾಪುರದ ಆ ಮನೆಯ ಪಡಸಾಲೆಗೆ ಕಾಲಿಟ್ಟಾಗ ಕೂಸು ಕೌದಿಯ ಮೇಲೆ ಗಟ್ಟಿಯಾಗಿ ಕೂತಿತ್ತು. ಜೊಲ್ಲು ಸುರಿಸುತ್ತ, ಕೇಕೆ ಹಾಕುತ್ತ, ಎರಡೂ ಕೈ ಎತ್ತಿ ಅವಳ ಮೂಗುತಿ ಹಿಡಿಯಲು ಬಂತು. ಎರಡೂ ಕೈ, ಟೀಕಾ ಎನ್ನುವ ಸಿಡುಬಿನ ಲಸಿಕೆ ಹಾಕಿಸಿದ ಎಡಗೈ ಸಹ. ಬೇರೆ ಯಾರಾದರೂ ಆಗಿದ್ದರೆ ಎತ್ತಿ ಮುದ್ದಾಡುತ್ತಿದ್ದರು. ಅಂಬಮ್ಮ ಆ ಎಡಗೈಯನ್ನೇ ನೋಡುತ್ತ ನಿಂತಳು.

ಅವಳು ಕಲಬುರ್ಗಿಯ ಹೆಣ್ಣುಮಕ್ಕಳ ದವಾಖಾನೆಯಲ್ಲಿ ಹನ್ನೆರಡು ವರ್ಷದಿಂದ ಆಯಾ. ಅದಕ್ಕೂ ಮೊದಲು ಸೂಲಗಿತ್ತಿ. ಅಕ್ಷರ ಬಾರದು. ಆದರೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಕತ್ತು ನಿಂತಿದೆಯೇ, ಮಗ್ಗಲು ಮಗುಚುತ್ತದೆಯೇ, ಬಳೆ ಕೊಟ್ಟರೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತದೆಯೇ ಎಂದು ನೋಡಿ ಇಷ್ಟೇ ತಿಂಗಳದ್ದೆಂದು ಹೇಳಿಬಿಡುತ್ತಿದ್ದಳು. ಹೋಳಿಯ ಹಿಂದೆಮುಂದೆ ಹುಟ್ಟಿದ್ದು ಎನ್ನುವ ತಾಯಂದಿರ ಮಾತಿಗಿಂತ ಅವಳ ಕಣ್ಣೇ ಖಾತ್ರಿ ಎಂದು, ಟೀಕಾ ಹಾಕುವ ವಿಠ್ಠಲರಾಯರು ಹಳ್ಳಿಗಳಿಗೆ ಹೋಗುವಾಗ ಅವಳನ್ನು ಜೊತೆಗೆ ಕರೆದೊಯ್ಯುತ್ತಿದ್ದರು.

ಟೀಕಾ ಹತ್ತಿದ ಕೂಸು ಎಂಟನೆಯ ದಿನ ಹೇಗಿರುತ್ತದೆಂದು ಅವಳಿಗೆ ಗೊತ್ತು. ಮೈ ಬೆಚ್ಚಗೆ, ಮೋರೆ ಸಿಂಡರಿಸಿಕೊಂಡು, ಕಂಕುಳಲ್ಲಿ ಅವರೆಕಾಳಿನಂಥ ಗಂಟು. ಆ ತೋಳು ಮುಟ್ಟಿದರೆ ಓಣಿಗೆಲ್ಲ ಕೇಳುವಂಥ ಅಳು. ತೋಳಿನ ಮೇಲೆ ನಡುವೆ ತಗ್ಗು ಬಿದ್ದ ಬೆಳ್ಳಗಿನ ಗುಳ್ಳೆಗಳು, ಅವುಗಳ ಸುತ್ತ ಕೆಂಪು.

ಅಂಗಿಯ ತೋಳು ಸರಿಸಿ ನೋಡಿದಳು. ಮೂರು ಕರಿ ಹಕ್ಕಳೆ, ಒಣಗಿ ಉದುರುವುದಕ್ಕೆ ಬಂದಿದ್ದವು. ಕಂಕುಳಲ್ಲಿ ಏನೂ ಇಲ್ಲ.

"ಛಲೋ ಹತ್ತ್ಯದಲ್ಲ ಅಂಬಕ್ಕ?" ಎಂದಳು ಶಂಕ್ರಮ್ಮ. ಇಪ್ಪತ್ತು ದಾಟದ ಹುಡುಗಿ, ಇದು ಚೊಚ್ಚಲ ಕೂಸು. "ಒಂದಿನಾನೂ ಮೈ ಬಿಸಿ ಆಗಲಿಲ್ಲ ನೋಡ್ರಿ. ನಮ್ಮ ಕೂಸು ಭಾಳ ಗಟ್ಟಿ ಅಂತ ನಮ್ಮತ್ತಿ ಎಲ್ಲಾರ ಮುಂದ ಹೇಳಾಕತ್ತಾರ."

ಅತ್ತೆ ಸೂಗಮ್ಮ ಅಂಗಳದಲ್ಲಿದ್ದಳು. ಗಾಡಿಗೆ ಹುಲ್ಲು ಹಾಸಿಸಿ, ಬುಟ್ಟಿಯಲ್ಲಿ ಕೆಂಪು ಬಾಳೆಯ ಗೊನೆ, ಮೊಸರನ್ನದ ಗಡಿಗೆ, ಬೇವಿನ ತಪ್ಪಲು ಜೋಡಿಸುತ್ತಿದ್ದಳು. ಎರಡು ಊರಿನಾಚೆ ಅವಳ ತಂಗಿಯ ಮನೆಯಲ್ಲಿ ಇಬ್ಬರು ಮಕ್ಕಳಿಗೆ ಅಮ್ಮ ಬಂದಿತ್ತು. ಸಿಡುಬು ಎಂದು ಯಾರೂ ಬಾಯಿಬಿಟ್ಟು ಅನ್ನುತ್ತಿರಲಿಲ್ಲ, ಅಮ್ಮ ಎನ್ನುತ್ತಿದ್ದರು. ಬಳಗದಲ್ಲಿ ಅಮ್ಮ ಬಂದರೆ ಮನೆಯ ಹಿರಿಯಳು ಹೋಗಿ ತಂಪು ಕೊಟ್ಟು ಬರಬೇಕು. ಮನೆಯಲ್ಲಿ ಚೊಚ್ಚಲ ಕೂಸಿದ್ದರೆ ಅದನ್ನು ಅಮ್ಮ ಬಂದವರ ಹಾಸಿಗೆಯ ಮುಂದೆ ಹಾಕಿ ಎತ್ತಬೇಕು. ಅದು ಅವರ ಪದ್ಧತಿ.

"ಕೂಸಿನ್ನೂ ಒಯ್ತಿಯೇನು?" ಅಂಬಮ್ಮ ಕೇಳಿದಳು.

"ಮತ್ತ? ಹ್ವಾದ ವರ್ಷ ಆಗಿದ್ರ ಅಂಜತಿದ್ದೆ. ಈಗ ಏನ್ ಅಂಜಿಕಿ? ನೀನೇ ಎದಿ ಮುಟ್ಟಿ ಹೇಳ್ದೆಲ್ಲ, ಟೀಕಾ ಬಿತ್ತಂದ್ರ ಅಮ್ಮ ಹೊಸ್ತಿಲಾಗ ನಿಂತು ಹೊಳ್ಳಿ ಹೋಗ್ತಾಳ ಅಂತ?"

ಹೇಳಿದ್ದಳು. ಹದಿನಾರು ಮನೆಯಲ್ಲೂ ಇದೇ ಮಾತು ಹೇಳಿ ಕೂಸುಗಳನ್ನು ಚಾವಡಿಗೆ ತರಿಸಿದ್ದಳು.

"ಗಾಡಿ ಹೂಡಬ್ಯಾಡ. ನಾ ಹೊಳ್ಳಿ ಬರೋತನಾ ತಡಿ."

"ಯಾಕ?"

"ತಡಿ ಅಂದೆ!"

ಉಳಿದ ಮನೆಗಳಿಗೆ ಅವಳು ನಡೆಯಲಿಲ್ಲ, ಓಡಿದಳು. ಎಲ್ಲ ಕಡೆ ಅದೇ ಕರಿ ಹಕ್ಕಳೆ, ಅದೇ ನಗುವ ಕೂಸು, ಅದೇ ಹಿಗ್ಗಿದ ತಾಯಿ. ಬಳೆ ತೊಡಿಸುವ ರೋಷನಬಿಯ ಮನೆಯಲ್ಲಿ ಮಾತ್ರ ನಾಲ್ಕು ತಿಂಗಳ ಗಂಡುಕೂಸು ಜ್ವರ ಹಿಡಿದು, ಎಡಮಗ್ಗಲಿಗೆ ಹೊರಳಲೊಲ್ಲದೆ ರಂಪ ಮಾಡುತ್ತಿತ್ತು. ತೋಳಿನ ಮೇಲೆ ಮೂರು ಗುಳ್ಳೆ ಎದ್ದು ನಿಂತಿದ್ದವು, ನಡುವೆ ತಗ್ಗು, ಸುತ್ತ ಕೆಂಪು.

"ಮೂರು ದಿನ ಆತು, ನಿದ್ದಿಲ್ಲ," ಎಂದಳು ರೋಷನಬಿ. "ಬ್ಯಾರೆ ಕೂಸು ಎಲ್ಲಾ ಆಡಾಕತ್ತಾವ. ನನ್ನ ಬಚ್ಚಾಗೇ ಯಾಕ್ ಹಿಂಗ? ಕೆಟ್ಟ ಮದ್ದು ಹಾಕಿದ್ರೇನು?"

ಅಂಬಮ್ಮನಿಗೆ ಆಗ ಎಲ್ಲ ತಿಳಿಯಿತು. ತಿಳಿದದ್ದೇ ಸಿಟ್ಟು ಕಾಲಿನಿಂದ ನೆತ್ತಿಗೇರಿತು.

ಹೊಸ ನಿಜಾಮರು ಗಾದಿಗೆ ಬಂದ ಎರಡನೆಯ ಚಳಿಗಾಲ ಅದು. ಎಂಟು ದಿನದ ಹಿಂದೆ ಚಾವಡಿಯಲ್ಲಿ ಮೊದಲು ಬಂದು ನಿಂತವಳು ರೋಷನಬಿ. ವಿಠ್ಠಲರಾಯರು ಅವಳ ಮಗನ ತೋಳು ಗೀರಿ ಮದ್ದು ಹಚ್ಚಿದರು. ಎರಡನೆಯವಳು ಸೂಗಮ್ಮ. ಮೊಮ್ಮಗಳನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದಿದ್ದಳು. "ಆಕಿ ಮಗನ ಮೈಗೆ ಹತ್ತಿದ ಚೂರಿ ನಮ್ಮ ಕೂಸಿಗೆ ನಡೆಯಂಗಿಲ್ಲ." ಅವಳ ಹಿಂದಿನವರೂ ತಿರುಗಿ ನಿಂತರು. ರಾಯರು ಚೂರಿಯನ್ನು ನೀರಿನಲ್ಲಿ ಅದ್ದಿದರು, ಅರಿವೆಯಲ್ಲಿ ಒರೆಸಿದರು, ಯಾರೂ ಒಪ್ಪಲಿಲ್ಲ. ಹದಿನೈದು ಕೂಸುಗಳು ಮನೆಗೆ ಹೋಗಿಬಿಡುತ್ತಿದ್ದವು. ಆಗ ಅಂಬಮ್ಮನೇ ಹೇಳಿದ್ದಳು: "ದೀಪಕ್ಕ ಹಿಡೀರಿ ರಾಯರ. ಬೆಂಕಿ ಮುಟ್ಟಿದ್ದಕ್ಕ ಯಾರೂ ಒಲ್ಲೆ ಅನ್ನಂಗಿಲ್ಲ."

ಎಲ್ಲರಿಗೂ ಸಮಾಧಾನವಾಯಿತು. ಅಂಬಮ್ಮನಿಗೆ ತನ್ನ ಜಾಣತನದ ಮೇಲೆ ಹೆಮ್ಮೆಯೂ ಆಯಿತು. ಒಂದೊಂದು ಕೂಸಿಗೂ ರಾಯರು ಚೂರಿಯನ್ನು ದೀಪಕ್ಕೆ ಹಿಡಿದು, ಕೆಂಪಗಿದ್ದಂತೆಯೇ ನಳಿಗೆಯಿಂದ ಗಾಜಿನ ಮೇಲೆ ಹನಿಸಿದ ಮದ್ದಿಗೆ ಅದ್ದಿದರು. ಚುಂಯ್ ಎನ್ನುವ ಸಣ್ಣ ಸಪ್ಪಳ. ಕೂಸುಗಳನ್ನು ಹಿಡಿದುಕೊಂಡಿದ್ದ ಅವಳು ಅದನ್ನು ಹದಿನೈದು ಸಲ ಕೇಳಿದ್ದಳು. ಅದೇ ಮದ್ದನ್ನು ಕಲಬುರ್ಗಿಯಿಂದ ತರುವಾಗ ಒದ್ದೆ ಅರಿವೆ ಸುತ್ತಿ, ಮಣ್ಣಿನ ಗಡಿಗೆಯಲ್ಲಿಟ್ಟು, ಬಿಸಿಲು ತಾಗಿದರೆ ಸಾಯುತ್ತದೆಂದು ಹಾದಿಯುದ್ದಕ್ಕೂ ಸೆರಗು ಹಿಡಿದು ಕೂತವಳು ಅವಳೇ.

ಚಾವಡಿಯಲ್ಲಿ ವಿಠ್ಠಲರಾಯರು ದಫ್ತರದ ಮೇಲೆ ಬಾಗಿದ್ದರು.

"ರಾಯರ, ಹದಿನೈದು ಕೂಸಿಗೆ ಟೀಕಾ ಹತ್ತಿಲ್ಲ. ಬರೇ ಚರ್ಮ ಸುಟ್ಟದ."

"ಹುಚ್ಚು ಹಿಡಿದದೇನು? ಹಕ್ಕಳಿ ಬಿದ್ದಾವ. ಮುಂಜಾನೆ ನಾನೇ ನೋಡಿ ಬರಕೊಂಡೀನಿ."

"ಹೊಸ್ತಿಲಾಗ ನಿಂತು ನೋಡಿದ್ರಿ. ಒಂದು ಕೂಸಿನ ಕಂಕುಳಾಗರೆ ಕೈ ಹಾಕಿದ್ರೇನು? ಕಾದ ಚೂರಿ ಮದ್ದಿನಾಗ ಅದ್ದಿದ್ರಿ, ಮದ್ದು ಸತ್ತದ. ಆರಿಸಿ ಅದ್ದಬೇಕು ಅನ್ನೋದು ನಿಮಗ ಗೊತ್ತಿದ್ದಿಲ್ಲೇನು?"

ರಾಯರ ಮುಖ ಬಿಳಿಚಿತು. ಕೆಟ್ಟವರಲ್ಲ, ಮಳೆ ಬಿಸಿಲೆನ್ನದೆ ಹಳ್ಳಿ ಸುತ್ತಿದವರು. ಆದರೆ ಹೆದರಿದ ಮನುಷ್ಯ ದನಿ ಏರಿಸುತ್ತಾನೆ. "ಗೊತ್ತಿತ್ತು. ಹಿಂದ ಇಷ್ಟು ಮಂದಿ ಗದ್ದಲ ಮಾಡಾಕತ್ತಿದ್ರು, ಮರತೆ. ಈಗ ಏನ್ ಮಾಡ್ಲಿ? ಮದ್ದಿನ ನಳಿಗಿ ಮುಗದಾವ. ಹೈದ್ರಾಬಾದಿಂದ ಬರಬೇಕಂದ್ರ ಹದಿನೈದು ದಿನ. ಹದಿನಾರರಾಗ ಹದಿನೈದು ಕೆಟ್ಟಾವ ಅಂತ ಬರದ್ರ ನನ್ನ ನೌಕ್ರಿ ಉಳೀತದೇನು? ಮತ್ತ ದೀಪಕ್ಕ ಹಿಡೀರಿ ಅಂದಾಕಿ ಯಾರು?"

"ನಾನೇ," ಎಂದಳು ಅಂಬಮ್ಮ. "ನನ್ನ ಬಾಯಿಗೆ ಬೆಂಕಿ ಬೀಳ್ಲಿ. ಆದ್ರ ನಾ ಸುಳ್ಳು ಬರದಿಲ್ಲ. ಆ ಸುಳ್ಳು ನಂಬಕೊಂಡು ಸೂಗಮ್ಮ ಕೂಸಿನ್ನ ಅಮ್ಮ ಬಂದ ಮನಿಗೆ ಒಯ್ಯಾಕ ಗಾಡಿ ಹೂಡಾಕತ್ತಾಳ!"

ಹೋದ ವರ್ಷ ದವಾಖಾನೆಯಲ್ಲಿ ಕಂಡ ಒಂದು ಕೂಸು ಅವಳ ಕಣ್ಣೆದುರಿಗೆ ಬಂತು. ಹತ್ತು ತಿಂಗಳದ್ದು, ಅಂಬೆಗಾಲಿಟ್ಟು ಮನೆ ತುಂಬ ಓಡಾಡುತ್ತಿತ್ತು ಎಂದು ತಾಯಿ ಹೇಳಿದ್ದಳು. ಅಮ್ಮ ಬಂದು ಇಳಿಯಿತು, ಜೀವ ಉಳಿಯಿತು, ಎರಡೂ ಕಣ್ಣು ಹೋದವು. ಆಮೇಲೆ ಅದು ಅಂಬೆಗಾಲು ಬಿಟ್ಟಿತು. ಕೂರುವುದನ್ನೂ ಬಿಟ್ಟಿತು. ಕತ್ತಲಲ್ಲಿ ಎತ್ತ ಹೋಗುವುದೆಂದು ತಿಳಿಯದೆ ಹುಟ್ಟಿದ ಕೂಸಿನ ಹಾಗೆ ಹಾಕಿದಲ್ಲೇ ಬಿದ್ದುಕೊಂಡಿರುತ್ತಿತ್ತು. ಅಂಬಮ್ಮ ಎರಡು ತಿಂಗಳು ಗಿಲಕಿ ಆಡಿಸಿ ಆಡಿಸಿ, ಮತ್ತೆ ಮಗ್ಗಲಾಗುವಷ್ಟು ಮಾತ್ರ ಕಲಿಸಿದ್ದಳು.

"ಹಳೇ ಕಾಲದಾಗ ಹೆಂಗ ಹಾಕ್ತಿದ್ರಿ?" ಎಂದು ಗೊತ್ತಿದ್ದೂ ಕೇಳಿದಳು. "ಈ ನಳಿಗಿ ಬರೋಕಿಂತ ಮೊದಲು?"

"ತೋಳಿಂದ ತೋಳಿಗೆ. ಎಂಟನೇ ದಿನ ಒಂದು ಕೂಸಿನ ಗುಳ್ಳಿ ಬಿಡಿಸಿ ಅದರ ನೀರು ಇನ್ನೊಂದಕ್ಕ. ಈಗ ಅದು ಬಂದ್. ಹುಕುಂ ಅದ."

"ಸುಳ್ಳು ಬರೀರಿ ಅಂತನೂ ಹುಕುಂ ಅದ ಏನು? ಇವತ್ತು ಎಂಟನೇ ದಿನ. ರೋಷನಬಿ ಮಗನ ತೋಳಿನಾಗ ಮೂರು ಗುಳ್ಳಿ ಅದಾವ. ನಾಳಿಗೆ ಕೀವಾಗ್ತದ. ಏಳ್ರಿ, ಪೆಟ್ಟಗಿ ತಗೋರಿ. ಯಾರರೆ ಕೇಳಿದ್ರ ಅಂಬಮ್ಮ ಮಾಡಿಸಿದ್ಲು ಅಂತ ಬರೀರಿ."

ಅವಳು ಹೊಳ್ಳಿ ಬರುವಷ್ಟರಲ್ಲಿ ಗಾಡಿ ಹೂಡಿಯಾಗಿತ್ತು. ಸೂಗಮ್ಮ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಓಣಿಯ ಐದಾರು ಹೆಂಗಸರು ಬೀಳ್ಕೊಡಲು ಬಂದಿದ್ದರು. ಅಂಬಮ್ಮ ಹೋಗಿ ಎತ್ತಿನ ಮೂಗುದಾಣ ಹಿಡಿದಳು.

"ಇಳಿ. ಕೂಸಿಗೆ ಟೀಕಾ ಹತ್ತಿಲ್ಲ. ನಾ ಕೊಟ್ಟ ಮಾತು ಸುಳ್ಳಾಗ್ಯದ."

"ಎಂಟು ದಿನದಾಗ ಎರಡು ಮಾತೇನು?" ಸೂಗಮ್ಮ ಮೇಲಿನಿಂದಲೇ ಗದರಿದಳು. "ತೋಳಿನಾಗ ಹಕ್ಕಳಿ ಕಾಣವಲ್ದೇನು ನಿನಗ?"

"ನಿನ್ನ ಮುಂಗೈ ತೋರ್ಸು." ಕೇಳದೆಯೇ ಅವಳ ಕೈ ಹಿಡಿದೆಳೆದು ಎಲ್ಲರಿಗೂ ತೋರಿಸಿದಳು. ರೊಟ್ಟಿಯ ಹಂಚು ತಾಗಿ ಒಣಗಿದ ಕರಿ ಕಲೆ ಅಲ್ಲಿತ್ತು. ಪಕ್ಕದಲ್ಲಿ ಕೂಸಿನ ತೋಳು ಹಿಡಿದಳು. "ನೋಡ್ರೆವ್ವಾ. ನಲವತ್ತು ವರ್ಷ ರೊಟ್ಟಿ ಬಡದಾಕಿ. ಸುಟ್ಟ ಗಾಯ ಯಾವುದು ಅನ್ನೋದು ಈಕಿಗೆ ನಾ ಹೇಳಬೇಕೇನು? ಇದು ಅಮ್ಮನ ತಡಿಯೋ ಟೀಕಾ ಅಲ್ಲ. ಇದು ಹಂಚಿನ ಬರಿ!"

ಹೆಂಗಸರು ಬಾಗಿ ನೋಡಿದರು. ತಮ್ಮ ತಮ್ಮ ಮನೆಯ ಕೂಸು ನೆನಪಾಗಿ ಒಬ್ಬಳು ಅಲ್ಲಿಂದಲೇ ಓಡಿದಳು. ಸೂಗಮ್ಮ ತನ್ನ ಮುಂಗೈಯನ್ನೂ ಮೊಮ್ಮಗಳ ತೋಳನ್ನೂ ಎರಡು ಸಲ ನೋಡಿದಳು.

"ಯಾಕ ಹಿಂಗಾತು?"

"ಚೂರಿ ಬೆಂಕಿಗೆ ಹಿಡಿದದ್ದಕ್ಕ. ಹಿಡಿಸ್ದಾಕಿ ನೀನು, ಹಿಡೀರಿ ಅಂದಾಕಿ ನಾನು. ರೋಷನಬಿ ಮಗನ ಗುಳ್ಳಿ ಒಂದೇ ಖರೇ. ಅದರ ನೀರು ಈಗಿಂದೀಗ ನಿನ್ನ ಮೊಮ್ಮಗಳಿಗೆ ಹಾಕಬೇಕು."

"ಆ ಬಳಿಗಾರ್ತಿ ಮಗನ ಮೈಯಾಗಿನ ನೀರು ನನ್ನ ಕೂಸಿನ ಮೈಯಾಗೇನು? ಶಿವ ಶಿವಾ! ಚೂರಿ ಆದ್ರ ತೊಳೀಬಹುದು, ಇದನ್ನ ಹೆಂಗ ತೊಳೀಲಿ?"

ಅಂಬಮ್ಮ ಮೂಗುದಾಣ ಬಿಟ್ಟಳು. "ನಿನ್ನ ಸಲುವಾಗಿ ಒಮ್ಮಿ ಚೂರಿ ಸುಡಿಸೀನಿ, ಹದಿನೈದು ಮನಿ ಕೂಸು ಕೆಟ್ಟಾವ. ಇನ್ನ ನಿನಗ ಸಮಾಧಾನ ಹೇಳಾಕ ನನ್ನ ಹತ್ರ ಮಾತಿಲ್ಲ. ಹೋಗು, ಒಯ್ದು ಹಾಸಗಿ ಮುಂದ ಹಾಕು."

ಆಗ ಅಲ್ಲಿಯತನಕ ಬಾಗಿಲಲ್ಲಿ ನಿಂತಿದ್ದ ಶಂಕ್ರಮ್ಮ ಬಂದು, ಅತ್ತೆಯ ತೊಡೆಯಿಂದ ಕೂಸನ್ನು ಎತ್ತಿಕೊಂಡಳು. ಮದುವೆಯಾಗಿ ಬಂದಾಗಿನಿಂದ ಅವಳು ಅತ್ತೆಯ ಎದುರು ಸೆರಗು ಜಾರಿಸಿದವಳಲ್ಲ. ಈಗ ಸೆರಗು ಹೆಗಲಿನಿಂದ ಜಾರಿದ್ದೂ ತಿಳಿಯದೆ, ಬಳೆಗಾರರ ಓಣಿಯ ಕಡೆ ನಡೆದೇಬಿಟ್ಟಳು.

"ಏ, ಯಾರನ್ನ ಕೇಳಿ ಹೊಂಟಿ?" ಎಂದಳು ಸೂಗಮ್ಮ.

"ಹಡದಾಕಿ ನಾನು," ಎಂದಳು ಶಂಕ್ರಮ್ಮ, ತಿರುಗದೆ.

ರೋಷನಬಿ ಬಾಗಿಲಿಗೆ ಅಡ್ಡ ನಿಂತಳು. ವಿಠ್ಠಲರಾಯರು ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದ ಮೇಲೂ ಸರಿಯಲಿಲ್ಲ. ಅವಳ ಕಣ್ಣು ಎಲ್ಲರಿಗಿಂತ ಹಿಂದೆ ಏದುಸಿರು ಬಿಡುತ್ತ ಬಂದ ಸೂಗಮ್ಮನ ಮೇಲಿತ್ತು.

"ಅವ್ವಾರ, ಎಂಟು ದಿನದ ಹಿಂದ ನನ್ನ ಮಗನ ಚೂರಿ ನಡೀಲಿಲ್ಲ ನಿಮಗ. ಹಬ್ಬ ಬಂದ್ರ ನಿಮ್ಮ ಕೈ ನನ್ನ ಕೈಯಾಗ ಹಿಡಿದು ಬಳಿ ತೊಡಸ್ತೀನಿ, ಅದು ನಡೀತದ. ಇವತ್ತು ನನ್ನ ಬಚ್ಚಾನ ಗುಳ್ಳಿ ಹರದು ನೀರು ಬೇಕಾಗ್ಯದ. ಮೂರು ದಿನದಿಂದ ನಿದ್ದಿ ಇಲ್ಲದ ಕೂಸು, ಅದನ್ನ ಮತ್ತ ಅಳಿಸ್ಲೇನು? ನಿಮ್ಮ ಸಲುವಾಗಿ?" ಆಮೇಲೆ ಅಂಬಮ್ಮನ ಕಡೆ ತಿರುಗಿದಳು. "ಇದಕ್ಕೇನರೆ ಆದ್ರ? ಮಾತು ಕೊಡ್ತಿಯೇನು?"

"ಉರೀತದ, ಅಳ್ತದ," ಎಂದಳು ಅಂಬಮ್ಮ. "ಹಿಂದಿನ ಕಾಲದಾಗ ಅದೆಷ್ಟೋ ಮಕ್ಕಳಿಗೆ ಹಿಂಗ ಮಾಡಿದ್ದು ನೋಡೀನಿ, ಗುಳ್ಳಿ ಒಣಗಿ ಆರಾಮ ಆಗ್ಯಾವ. ಮಾತು ಮಾತ್ರ ಕೇಳಬ್ಯಾಡ. ಮಾತು ಕೊಟ್ಟೇ ಈ ಗತಿ ಆಗ್ಯದ."

ಶಂಕ್ರಮ್ಮನ ಕೂಸು ಕೈ ಚಾಚಿ ರೋಷನಬಿಯ ಹೆಗಲ ಮೇಲಿನ ಬಳೆಯ ಸರ ಹಿಡಿಯಲು ನೋಡುತ್ತಿತ್ತು. ಸೂಗಮ್ಮ ಮುಂದೆ ಬಂದಳು. ಅವಳ ದನಿಯಲ್ಲಿ ಬೇಡಿಕೆಗಿಂತ ಸಿಟ್ಟೇ ಹೆಚ್ಚಿತ್ತು, ಯಾರ ಮೇಲೆಂದು ಅವಳಿಗೂ ತಿಳಿಯದ ಸಿಟ್ಟು.

"ನಾ ಅಂದದ್ದು ತಪ್ಪಾತು. ಕೊಡು ತಾಯಿ."

"ಜೋರಾಗಿ ಹೇಳ್ರಿ. ಅವತ್ತು ಚಾವಡಿಗೆಲ್ಲ ಕೇಳಂಗ ಹೇಳಿದ್ರಿ."

"ತಪ್ಪಾತು ಅಂದೆ! ಕಿವಿ ಕೇಳಸಂಗಿಲ್ಲೇನು? ಕೂಸು ಸತ್ತ ಮ್ಯಾಲ ಕೊಡ್ತಿಯೇನು?"

ರೋಷನಬಿ ಒಳಗೆ ಹೋಗಿ ಮಗನನ್ನು ತಂದು ಕಟ್ಟೆಯ ಮೇಲೆ ಕೂತಳು. "ಶಂಕ್ರಮ್ಮ, ನೀ ಬಾ. ನಿನ್ನ ಮಾರಿ ನೋಡಿ ಕೊಡಾಕತ್ತೀನಿ. ರಾಯರ, ಬೆಂಕಿ ತಂದ್ರ ಚೂರಿ ಕಸದು ಬಾವ್ಯಾಗ ಹಾಕ್ತೀನಿ ಮತ್ತ!"

ರಾಯರು ಚೂರಿಯನ್ನು ಕಾಸಿ ಆರಿಸಿದ ನೀರಿನಲ್ಲಿ ತೊಳೆದು, ಮೊದಲ ಗುಳ್ಳೆಯ ಮೇಲೆ ಆಡಿಸಿದರು. ಹುಡುಗ ಕಿರುಚಿದ. ತಿಳಿಯಾದ ಹನಿ ಚೂರಿಯ ತುದಿಗೆ ಬಂತು. ಅಂಬಮ್ಮ ಶಂಕ್ರಮ್ಮನ ಕೂಸಿನ ಬಲತೋಳನ್ನು ಬಿಗಿಯಾಗಿ ಹಿಡಿದಳು. ಗೀರು ಬಿತ್ತು, ಹನಿ ಇಳಿಯಿತು. ಈ ಸಲ ಸಪ್ಪಳವಿರಲಿಲ್ಲ. ಕೂಸಿನ ಅಳು ಮಾತ್ರ.

ಆ ಸಂಜೆಯೊಳಗೆ ಸುದ್ದಿ ಕೇಳಿ ಇನ್ನೂ ಒಂಬತ್ತು ತಾಯಂದಿರು ಬಂದರು. ಐದು ಮನೆಯವರು ಬಾಗಿಲು ಹಾಕಿಕೊಂಡರು. ಆ ಬಾಗಿಲುಗಳ ಮುಂದೆ ಅಂಬಮ್ಮ ಗಂಟಲು ಹರಿಯುವಂತೆ ಬೈದಳು. ಒಳಗಿನಿಂದ ಅವಳನ್ನೂ ಬೈದರು: ಸುಳ್ಳಿ, ಕೂಸು ಸುಟ್ಟಾಕಿ. ಅದಕ್ಕೆ ಅವಳು ಎದುರಾಡಲಿಲ್ಲ. ಹೊಸ ನಳಿಗೆ ಬಂದ ದಿನ ಮತ್ತೆ ಇದೇ ಬಾಗಿಲಿಗೆ ಬರುತ್ತೇನೆ, ಅಲ್ಲಿಯತನಕ ಕೂಸನ್ನು ಊರು ದಾಟಿಸಿದರೆ ನೋಡಿ ಎಂದಷ್ಟೇ ಹೇಳಿ ಹೊರಳಿದಳು.

ಅದೆಲ್ಲ ಆಮೇಲೆ. ಮೊಮ್ಮಗಳ ತೋಳಿಗೆ ಹನಿ ಇಳಿದ ಕೂಡಲೇ ರೋಷನಬಿಯ ಕಟ್ಟೆಯ ಮೇಲೆ ಸೂಗಮ್ಮ ಸೊಂಟದ ಚೀಲ ಬಿಚ್ಚುತ್ತಿದ್ದಳು. ವಿಭೂತಿಯ ಗಟ್ಟಿ ತೆಗೆದು, ಬೆರಳಿಗೆ ತಿಕ್ಕಿ, ಮೊಮ್ಮಗಳ ತೋಳಿನ ಹಸಿ ಗೀರಿನ ಕಡೆ ಕೈ ಚಾಚಿದಳು.

ಅಂಬಮ್ಮ ಆ ಮುಂಗೈ ಹಿಡಿದಳು. "ಹಣಿಗೆ ಹಚ್ಚು."

"ತೋಳಿಗೂ ಒಂದ್ ಸ್ವಲ್ಪ. ಶುದ್ಧ ಆಗ್ಲಿ."

"ಹಣಿಗೆ ಅಂದೆ!"

ಸೂಗಮ್ಮ ಕೈ ಕೊಸರಿದಳು. ಅಂಬಮ್ಮ ಬಿಡಲಿಲ್ಲ. ಕಡೆಗೆ ಸೂಗಮ್ಮ ಇನ್ನೊಂದು ಕೈಯಿಂದ ಕೂಸಿನ ಹಣೆಗೆ ಮೂರು ಬೆರಳು ಎಳೆದಳು. ಗಾಡಿ ಅಂಗಳದಲ್ಲೇ ನಿಂತಿತ್ತು. ಮೊಸರನ್ನ ಹುಳಿಯಾಗುತ್ತದೆ, ತಾನೊಬ್ಬಳೇ ಹೋಗಿ ತಂಪು ಕೊಟ್ಟು ಬರುತ್ತೇನೆ, ಕೈ ಬಿಡು ಎಂದು ಗೊಣಗಿದಳು.

"ಹೋಗೀಯಂತ," ಎಂದಳು ಅಂಬಮ್ಮ. "ಬಂದ ಮ್ಯಾಲ ಕೂಸಿನ್ನ ಮುಟ್ಟಬ್ಯಾಡ, ಇನ್ನೊಂದು ಮನ್ಯಾಗ ಮಲಕೋ. ಈಗ ಸುಮ್ಮ ಕೂಡು."

ಗೀರಿನ ಮೇಲಿನ ಹನಿ ಪೂರ್ತಿ ಆರುವತನಕ ಅವಳು ಆ ಮುಂಗೈಯನ್ನು ಹಾಗೆಯೇ ಹಿಡಿದು ಕೂತಳು.