ಹೆರಿಗೆ ಸುಂಕ

"ನೀನು ಬಿಚ್ತಾ ಇಲ್ಲ ಆರ್ಡಿತ್, ಬಿಗಿ ಮಾಡ್ತಾ ಇದ್ದೀಯ. ಎಡಕ್ಕೆ ತಿರುಗಿಸು."

ಏಣಿಯ ಮೇಲಿದ್ದ ಆರ್ಡಿತ್ ಸ್ಕಿಡ್ಮೋರ್ ತಿರುಗಿ ನೋಡಲಿಲ್ಲ. ದನಿ ಯಾರದೆಂದು ಅವಳಿಗೆ ಗೊತ್ತಿತ್ತು. ಸ್ಪ್ಯಾನರನ್ನು ಇನ್ನೂ ಜೋರಾಗಿ ಬಲಕ್ಕೇ ತಿರುಗಿಸಿದಳು. ಏಣಿ ಹಿಡಿದು ನಿಂತಿದ್ದ ನಾದಿನಿ ವನೀಟಾ ಮೆಲ್ಲಗೆ, "ಅತ್ತಿಗೆ, ಅವನು ಹೇಳೋದು ಸರಿ ಅನ್ಸುತ್ತೆ" ಎಂದಳು.

"ಓಹಾಯೋದವನು ಹೇಳಿದ್ದು ಯಾವತ್ತು ಸರಿಯಾಗಿದೆ?"

ಸೇತುವೆಯ ಆಚೆ ತುದಿಯಲ್ಲಿ, ಪಕ್ಕದ ಓಹಾಯೋ ರಾಜ್ಯದಲ್ಲಿ, ಅವಳು ಬಿಚ್ಚಲು ಬಂದಿದ್ದ ಹೊಸ ಬೋರ್ಡು ನಿಂತಿತ್ತು. ಹಸಿರು ಬಣ್ಣ, ಬಿಳಿ ಅಕ್ಷರ. 'ಗ್ಯಾಲ್ಟನ್. ಗುಂಡು ಎಸೆತದ ಚಾಂಪಿಯನ್ ರೋವೀನಾ ಸ್ಕಿಡ್ಮೋರ್ ಹುಟ್ಟಿದ ಊರು.' ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ರೋವೀನಾ ಆರ್ಡಿತಳ ಒಬ್ಬಳೇ ಮಗಳು. ದೇಶದ ಅಂಗಿ ತೊಟ್ಟು, ಕಬ್ಬಿಣದ ಗುಂಡು ಎಸೆದು, ಕೊರಳಿಗೆ ಪದಕ ಹಾಕಿಸಿಕೊಂಡು ಬಂದವಳು. ಅವಳು ತೆವಳಿದ್ದು, ನಡೆದದ್ದು, ಓದಿದ್ದು, ಎಸೆಯಲು ಕಲಿತದ್ದು ಎಲ್ಲವೂ ನದಿಯ ಈಚೆ, ವೆಸ್ಟ್ ವರ್ಜೀನಿಯಾದ ವಿಲ್ಲೋ ಬಾಟಮ್‌ನಲ್ಲಿ. ಗ್ಯಾಲ್ಟನ್‌ನಲ್ಲಿ ಅವಳಿಗಿದ್ದದ್ದು ಆಸ್ಪತ್ರೆಯ ಒಂದು ತೊಟ್ಟಿಲು ಮಾತ್ರ.

ಹೋಬರ್ಟ್ ಟೀಟರ್ ತನ್ನ ಮುದಿ ನಾಯಿಯನ್ನು ಹಿಡಿದುಕೊಂಡು ಹತ್ತಿರ ಬಂದ. ಈ ಸೇತುವೆಗೆ ಸುಂಕ ಇದ್ದ ಕಾಲದಲ್ಲಿ ಇದೇ ತುದಿಯ ಸುಂಕದ ಕಟ್ಟೆಯಲ್ಲಿ ಕೂತು ದುಡ್ಡು ವಸೂಲು ಮಾಡುತ್ತಿದ್ದವನು. ಈಗ ಸುಂಕವೂ ಇಲ್ಲ, ಕಟ್ಟೆಯೂ ಇಲ್ಲ. ಅವನೊಬ್ಬ ಉಳಿದಿದ್ದ.

"ನಿಮ್ಮ ರಾಜ್ಯದ ಆ ಪ್ರೂಯಿಟ್ ಅನ್ನೋವ್ನು ನನ್ನನ್ನ ಹುಡುಕ್ಕೊಂಡು ಬಂದಿದ್ದ" ಎಂದ ಹೋಬರ್ಟ್.

ಆರ್ಡಿತಳ ಕೈ ನಿಂತಿತು. "ಏನು ಹೇಳಿದೆ?"

"ಏನೂ ಹೇಳಿಲ್ಲ. ಶನಿವಾರ ನಿಮ್ಮೂರಿನ ಊಟಕ್ಕೆ ಬಾ, ಎಲ್ಲರ ಎದುರಿಗೆ ಹೇಳು ಅಂದ. ಬರ್ತೀನಿ ಅಂದೆ." ಅವನು ನಾಯಿಯ ಹಗ್ಗವನ್ನು ಕೈಗೆ ಸುತ್ತಿಕೊಂಡ. "ಆದ್ರೆ ನಾನು ಹೇಳಿದ್ರೆ ಪೂರಾ ಹೇಳ್ತೀನಿ ಆರ್ಡಿತ್. ಅರ್ಧ ಹೇಳಲ್ಲ. ಅರ್ಧ ಕೇಳಿ ಕೇಳಿ ನಂಗೆ ಸಾಕಾಗಿದೆ."

ಅವನು ಹೋದ. ವನೀಟಾ, "ಪೂರಾ ಅಂದ್ರೇನು ಅತ್ತಿಗೆ?" ಎಂದು ಕೇಳಿದಳು.

"ಏಣಿ ಸರಿಯಾಗಿ ಹಿಡ್ಕೊ" ಎಂದಳು ಆರ್ಡಿತ್. ಬೋರ್ಡು ಬಿಚ್ಚಲಿಲ್ಲ. ಇಳಿದು, ಏಣಿಯನ್ನು ಟ್ರಕ್ಕಿನ ಹಿಂದೆ ಎಸೆದು ಮನೆಗೆ ಹೊರಟಳು.

ಪ್ರೂಯಿಟ್ ರಾಜಧಾನಿಯಿಂದ ಬಂದ ಅಧಿಕಾರಿ. ನಮ್ಮ ರಾಜ್ಯದಲ್ಲಿ ಹುಟ್ಟಿ ಹೆಸರು ಮಾಡಿದವರಿಗೆಲ್ಲ ಅವರವರ ಊರಿನ ಬಾಗಿಲಲ್ಲಿ ಫಲಕ ನಿಲ್ಲಿಸುವುದು ಅವನ ಕೆಲಸ. ಹೊರಗಿನವರಿಗೆ ಇದರ ಬೆಲೆ ತಿಳಿಯುವುದಿಲ್ಲ. ಎಲ್ಲಿಗೆ ಹೋಗಿ ವೆಸ್ಟ್ ವರ್ಜೀನಿಯಾ ಎಂದರೂ, "ಓಹೋ, ವರ್ಜೀನಿಯಾದ ಪಶ್ಚಿಮಕ್ಕಾ? ಅಲ್ಲಿ ನಮ್ಮ ಚಿಕ್ಕಮ್ಮ ಇದ್ದಾಳೆ" ಎನ್ನುತ್ತಾರೆ. ವರ್ಜೀನಿಯಾ ಬೇರೆ, ನಮ್ಮದು ಬೇರೆಯದೇ ರಾಜ್ಯ ಎಂದು ಹೇಳಿ ಹೇಳಿ ನಮ್ಮ ಗಂಟಲು ಒಣಗಿದೆ. ಕಲ್ಲಿದ್ದಲು ನಮ್ಮದು, ಬೆಳಕು ಅವರದು. ಹೀಗಿರುವಾಗ ನಮ್ಮಲ್ಲಿ ಒಬ್ಬರು ಹೆಸರು ಮಾಡಿದರೆ, ಅವರು ಹಲ್ಲು ಹುಟ್ಟುವ ಮೊದಲೇ ಊರು ಬಿಟ್ಟಿದ್ದರೂ ನಾವು ಬಿಡುವವರಲ್ಲ. ರೋವೀನಾ ಪದಕ ಗೆದ್ದ ದಿನ ಟೀವಿಯವನು "ಓಹಾಯೋದ ಹುಡುಗಿ" ಎಂದಾಗ ವನೀಟಾಳ ಗಂಡ ಟೀವಿಗೆ ಬೂಟು ಎಸೆದ. ಗಾಜು ಒಡೆಯಿತು. ಯಾರೂ ಅವನನ್ನು ಬೈಯಲಿಲ್ಲ.

ಫಲಕಕ್ಕೆ ಒಂದೇ ನಿಯಮ: ಹುಟ್ಟಿದ್ದು ರಾಜ್ಯದ ಒಳಗೇ ಆಗಿರಬೇಕು. ಆಸ್ಪತ್ರೆಯವರು ಬರೆದದ್ದು ಗ್ಯಾಲ್ಟನ್ ಎಂದು. ಆದರೆ ರೋವೀನಾ ಹುಟ್ಟಿದ್ದು ಸೇತುವೆಯ ಮೇಲೆ, ಟ್ರಕ್ಕಿನಲ್ಲಿ ಎಂದು ಊರಿಗೆಲ್ಲ ಗೊತ್ತು. ಸೇತುವೆಯ ಕೆಳಗಿನ ನದಿ ಪೂರ್ತಿ ನಮ್ಮದು. ಆ ದಡದ ಕೆಸರು ಶುರುವಾದಲ್ಲಿಂದ ಓಹಾಯೋ. ಇದು ಇಲ್ಲಿ ಮೀನು ಹಿಡಿಯುವ ಮಕ್ಕಳಿಗೂ ಗೊತ್ತು. ಹಾಗಾದರೆ ಕಣ್ಣಾರೆ ಕಂಡವರೊಬ್ಬರು ಬೇಕು, ತಾಯಿಯನ್ನು ಬಿಟ್ಟು, ಎಂದಿದ್ದ ಪ್ರೂಯಿಟ್. ಟ್ರಕ್ಕು ಓಡಿಸಿದ ಆರ್ಡಿತಳ ಗಂಡ ಡೆಲ್ಬರ್ಟ್ ಸತ್ತು ಮಣ್ಣಾಗಿದ್ದ. ಉಳಿದವನು ಹೋಬರ್ಟ್.

ಊರಿಗೆ ಗೊತ್ತಿದ್ದ ಕಥೆ ಇದು: ನೋವು ತಿನ್ನುತ್ತಿದ್ದ ಬಸುರಿಯನ್ನು ಹೋಬರ್ಟ್ ಸುಂಕಕ್ಕಾಗಿ ತಡೆದು ನಿಲ್ಲಿಸಿದ, ಚಿಲ್ಲರೆಗಾಗಿ ಜಗಳ ತೆಗೆದ, ಅಷ್ಟರಲ್ಲಿ ಮಗು ಬಂತು. ಅಂದಿನಿಂದ ಅವನಿಗೆ ನಮ್ಮೂರಿನಲ್ಲಿ 'ಹೆರಿಗೆ ಸುಂಕ' ಎಂದೇ ಹೆಸರು. ಕಟ್ಟೆ ದಾಟುವಾಗ ನಮ್ಮ ಹುಡುಗರು ಕೈಗೆ ಕೊಡದೆ ಮುಖಕ್ಕೆ ನಾಣ್ಯ ಎಸೆಯುತ್ತಿದ್ದರು. ಅವನು ಬಗ್ಗಿ ಆರಿಸಿಕೊಳ್ಳುತ್ತಿದ್ದ.

ನಡೆದದ್ದು ಬೇರೆ. ಅವತ್ತು ಹೋಬರ್ಟ್ ಅಡ್ಡಗಂಬವನ್ನು ಮೊದಲೇ ಎತ್ತಿ, ಎರಡೂ ಕೈ ಬೀಸಿ, "ಹೋಗ್ರೀ, ಹೋಗ್ರೀ" ಎಂದು ಕೂಗುತ್ತಿದ್ದ. ಗಾಡಿ ನಿಲ್ಲಿಸಿದವಳು ಆರ್ಡಿತ್. ಅವಳ ಅಜ್ಜಿ, ತಾಯಿ, ಅವಳು, ಎಲ್ಲರೂ ಈ ದಡದಲ್ಲಿ ಹುಟ್ಟಿದವರು. ಮಗು ಇನ್ನು ತಡೆಯುವುದಿಲ್ಲ ಎಂದು ತಿಳಿದದ್ದೇ ಅವಳು ಡೆಲ್ಬರ್ಟನ ತೋಳಿಗೆ ಉಗುರು ಚುಚ್ಚಿದ್ದಳು. "ನಿಲ್ಸು. ಚಕ್ರ ಆ ದಡ ಮುಟ್ಟಿದ್ರೆ ಜನ್ಮದಲ್ಲಿ ನಿನ್ನ ಮುಖ ನೋಡಲ್ಲ." ಡೆಲ್ಬರ್ಟ್ ನಿಲ್ಲಿಸಿದ. ಮಗು ಬಂತು, ನೀಲಿಯಾಗಿ, ಅಳದೆ. ಹೋಬರ್ಟ್ ಓಡಿ ಬಂದು ತನ್ನ ಕೋಟು ಬಿಚ್ಚಿ ಅದನ್ನು ಸುತ್ತಿದ. ಆಸ್ಪತ್ರೆಯ ಬಾಗಿಲಲ್ಲಿ ಅದು ಅತ್ತಿತು. ಡಾಕ್ಟರು, "ಯಾವ ಮೂರ್ಖ ಇಷ್ಟು ತಡ ಮಾಡಿದ್ದು?" ಎಂದು ಗುಡುಗಿದಾಗ ಡೆಲ್ಬರ್ಟ್ ಹೆಂಡತಿಯ ಮುಖ ನೋಡಿದ. "ಸುಂಕದವನು" ಎಂದ. ಆ ಮಾತನ್ನು ಅವನೂ ವಾಪಸು ತೆಗೆದುಕೊಳ್ಳಲಿಲ್ಲ, ಅವಳೂ ತೆಗೆದುಕೊಳ್ಳಲಿಲ್ಲ.

ಶನಿವಾರ ಬೆಳಿಗ್ಗೆ ರೋವೀನಾ ಬಂದಳು. ಬಾಗಿಲಲ್ಲಿ ಓರೆಯಾಗಿಯೇ ಒಳಗೆ ಬರಬೇಕಾದಂಥ ಭುಜ. ಅಡುಗೆಮನೆಯಲ್ಲಿ ನಿಂತೇ, ಖಾರದ ಮಾಂಸ ತುಂಬಿ ಬೇಯಿಸಿದ ಪೆಪ್ಪರೋನಿ ರೋಲ್ ತಿಂದಳು, ಬಿಸಿಗೆ ಬಾಯಿ ಸುಟ್ಟುಕೊಂಡು.

"ಬೋರ್ಡು ಇಲ್ದಿದ್ರೆ ಬಿಡಮ್ಮ. ನಾನು ಎಲ್ಲಿಯವಳು ಅಂತ ನನಗೆ ಗೊತ್ತಿಲ್ವಾ?"

"ನಿನಗೆ ಗೊತ್ತಿದ್ರೆ ಸಾಕಾ? ಆ ಗ್ಯಾಲ್ಟನ್‌ನವರಿಗೆ ಗೊತ್ತಾಗೋದು ಬೇಡ್ವಾ?"

"ಹೋಬರ್ಟ್ ನಿಜ ಹೇಳ್ತಾನಾ? ಎಷ್ಟೋ ಕಡೆ ಭಾಷಣದಲ್ಲಿ ಅವನ ಮಾನ ಕಳೆದಿದೀನಿ. ಹುಟ್ಟೋಕೆ ಮೊದಲೇ ಓಹಾಯೋ ಜೊತೆ ಜಗಳ ಆಡಿದವಳು ನಾನು ಅಂತ. ಜನ ಬಿದ್ದು ಬಿದ್ದು ನಗ್ತಾರೆ."

ಆರ್ಡಿತ್ ಹಿಟ್ಟು ನಾದುತ್ತಿದ್ದಳು. ಆಗಲೇ ನಾದಿ ಮುಗಿದಿದ್ದ ಹಿಟ್ಟು ಅದು.

ನಮ್ಮೂರಿನಲ್ಲಿ ವಸಂತ ಬಂತೆಂದರೆ ಕಾಡುಬೆಳ್ಳುಳ್ಳಿಯ ಊಟ. ಬೆಟ್ಟದಿಂದ ಅಗೆದು ತಂದು, ಹಂದಿಯ ಕೊಬ್ಬಿನಲ್ಲಿ ಆಲೂಗಡ್ಡೆಯ ಜೊತೆ ಹುರಿದು, ಬೀನ್ಸು, ಜೋಳದ ರೊಟ್ಟಿಯೊಂದಿಗೆ ಅಗ್ನಿಶಾಮಕದ ಶೆಡ್ಡಿನಲ್ಲಿ ಊರೆಲ್ಲ ಕೂತು ತಿನ್ನುವುದು. ಆಮೇಲೆ ಮೂರು ದಿನ ಮೈಯೆಲ್ಲ ನಾತ. ಎಲ್ಲರೂ ತಿಂದಿರುವುದರಿಂದ ಯಾರೂ ಯಾರನ್ನೂ ಅನ್ನುವ ಹಾಗಿಲ್ಲ.

ಪ್ರೂಯಿಟ್ ಎದ್ದು ನಿಂತು ನಿಯಮ ವಿವರಿಸುತ್ತಿದ್ದಾಗ ಹೋಬರ್ಟ್ ಬಾಗಿಲಲ್ಲಿ ಕಾಣಿಸಿಕೊಂಡ. ಟೋಪಿ ಕೈಯಲ್ಲಿತ್ತು. ಇಸ್ತ್ರಿ ಮಾಡಿದ ಕೋಟು ತೊಟ್ಟಿದ್ದ.

"ಏನಪ್ಪಾ ಹೆರಿಗೆ ಸುಂಕ, ಒಳಗೆ ಬರೋಕೆ ನಾವೆಷ್ಟು ಕೊಡ್ಬೇಕು?" ಎಂದು ಹಿಂದಿನಿಂದ ಯಾರೋ ಕೂಗಿದರು. ಶೆಡ್ಡು ನಕ್ಕಿತು. ರೋವೀನಾ ಕೂಡ ನಕ್ಕಳು. ಒಂದು ನಾಣ್ಯ ನೆಲದ ಮೇಲೆ ಉರುಳಿಕೊಂಡು ಬಂದು ಹೋಬರ್ಟನ ಬೂಟಿನ ಬಳಿ ಬಿತ್ತು. ಅವನು ಅದನ್ನು ನೋಡಿದ. ಈ ಸಲ ಬಗ್ಗಲಿಲ್ಲ.

"ಬನ್ನಿ ಟೀಟರ್. ಅವತ್ತು ನೀವು ಕಂಡದ್ದನ್ನ ಹೇಳಿ" ಎಂದ ಪ್ರೂಯಿಟ್.

ಹೋಬರ್ಟ್ ಬಾಯಿ ತೆರೆದ. ಆರ್ಡಿತಳ ಕಡೆ ನೋಡಿದ.

"ಕೂತ್ಕೊ ಹೋಬರ್ಟ್" ಎಂದಳು ಆರ್ಡಿತ್. ಕುರ್ಚಿ ಹಿಂದಕ್ಕೆ ತಳ್ಳಿದ್ದಕ್ಕೆ ಅದು ಉರುಳಿಬಿತ್ತು. "ನೀನು ಹೇಳ್ಬೇಡ. ನೀನು ಹೇಳಿದ್ರೆ ಇವರು ನಂಬಲ್ಲ. ನಾನು ಹೇಳ್ತೀನಿ."

"ತಾಯಿ ಮಾತು ನಾವು..." ಎಂದು ಪ್ರೂಯಿಟ್ ಶುರು ಮಾಡಿದ.

"ನಿಮಗಲ್ಲ ಸ್ವಾಮಿ ನಾನು ಹೇಳ್ತಿರೋದು. ನೀವು ಆಲೂಗಡ್ಡೆ ತಿನ್ನಿ." ಅವಳು ಊರಿನ ಕಡೆ ತಿರುಗಿದಳು. "ಇವನು ಗಾಡಿ ತಡೀಲಿಲ್ಲ. ಸುಂಕ ಕೇಳಲಿಲ್ಲ. ಗಂಬ ಎತ್ಕೊಂಡು ನಿಂತಿದ್ದ. ಗಾಡಿ ನಿಲ್ಸು ಅಂದಿದ್ದು ನಾನು. ಡೆಲ್ಬರ್ಟ್ ಸುಳ್ಳು ಹೇಳಿದ್ದು ನನ್ನ ಉಳಿಸೋಕೆ. ನಾನು ಸುಮ್ನಿದ್ದಿದ್ದು ನನ್ನ ನಾನೇ ಉಳಿಸ್ಕೊಳ್ಳೋಕೆ. ನೀವು ಇವನ ಮುಖಕ್ಕೆ ಎಸೆದ ಒಂದೊಂದು ನಾಣ್ಯನೂ ನನಗೆ ಬೀಳಬೇಕಾಗಿದ್ದು. ಎಸೀರಿ ಈಗ. ಯಾರ ಕೈಯಲ್ಲಿದೆ?"

ಯಾರೂ ಎಸೆಯಲಿಲ್ಲ. ವನೀಟಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

"ಅಮ್ಮಾ" ಎಂದಳು ರೋವೀನಾ. "ನನಗೆ ಉಸಿರಿರಲಿಲ್ಲ ಅಂತ ಅಪ್ಪ ಹೇಳ್ತಿದ್ದ."

"ಇರ್ಲಿಲ್ಲ."

"ಆಗಲೂ ನೀನು..."

"ನಿಲ್ಸು ಅಂದಾಗ ಗೊತ್ತಿರ್ಲಿಲ್ಲ. ಗೊತ್ತಾದ್ಮೇಲೆ ಆದ ಹೆದರಿಕೆ ಇದೆಯಲ್ಲ, ಅದು ಇವತ್ತಿಗೂ ಹೋಗಿಲ್ಲ. ನೀನು ಎಲ್ಲೆಲ್ಲೋ ಹೋಗಿ ಗುಂಡು ಎತ್ತಿದಾಗಲೆಲ್ಲ ನೀನು ಉಸಿರು ಬಿಡೋ ತನಕ ನಾನು ಬಿಡಲ್ಲ." ಆರ್ಡಿತ್ ಗಲ್ಲ ಮೇಲಕ್ಕೆತ್ತಿದಳು. ಅವಳ ದನಿ ಮತ್ತೆ ಏರಿತು. "ಬೈಯೋದಿದ್ರೆ ಮನೆಗೆ ಹೋಗಿ ಬೈಯಿ. ಕೇಳಿಸ್ಕೊಳ್ತೀನಿ. ಆದ್ರೆ ಇಲ್ಲಿ, ಈ ಜನರ ಎದುರಿಗೆ ಹೇಳ್ತೀನಿ, ನೀನು ಓಹಾಯೋದವಳಲ್ಲ. ಅದಕ್ಕೆ ನಾನು ಏನು ತೆತ್ತಿದ್ದೀನಿ ಅಂತ ನನಗೆ ಗೊತ್ತು."

ರೋವೀನಾ ಎದ್ದಳು. ನೆಲದ ಮೇಲಿದ್ದ ನಾಣ್ಯವನ್ನು ತಾನೇ ಬಗ್ಗಿ ಎತ್ತಿ ಜೇಬಿಗೆ ಹಾಕಿಕೊಂಡಳು. ಒಂದು ತಟ್ಟೆ ತೆಗೆದು ಆಲೂಗಡ್ಡೆ, ಬೀನ್ಸು, ರೊಟ್ಟಿ ಬಡಿಸಿ ಹೋಬರ್ಟನ ಮುಂದೆ ಇಟ್ಟಳು.

"ನಾನು ನಿಮ್ಮ ಬಗ್ಗೆ ಊರೂರಲ್ಲಿ ಮಾತಾಡಿದೀನಿ" ಎಂದಳು.

"ಕೇಳಿದೀನಮ್ಮಾ. ಒಂದ್ಸಲ ರೇಡಿಯೋದಲ್ಲೂ ಬಂತು. ಚೆನ್ನಾಗಿ ಹೇಳ್ತೀಯ" ಎಂದ ಹೋಬರ್ಟ್. "ನಾನೂ ನಕ್ಕೆ, ಸ್ವಲ್ಪ."

ಪ್ರೂಯಿಟ್ ಗಂಟಲು ಸರಿಮಾಡಿಕೊಂಡ. "ಇವರು ಹೇಳಿದ್ದು ನಿಜವಾ ಟೀಟರ್? ಮಗು ಹುಟ್ಟಿದಾಗ ಟ್ರಕ್ಕು ಎಲ್ಲಿತ್ತು?"

"ನಿಜ. ಸೇತುವೆ ಮೇಲೆ, ಕೊನೇ ದೀಪದ ಕಂಬದ ಹತ್ರ."

"ಕೆಳಗೆ ಏನಿತ್ತು? ದಡವಾ, ನೀರಾ?"

ಹೋಬರ್ಟ್ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ. ಗ್ಯಾಲ್ಟನ್‌ನಲ್ಲಿ ಅವನಿಗೆ ಮನೆ ಇತ್ತು, ಚರ್ಚಿನಲ್ಲಿ ಜಾಗ ಇತ್ತು, ಹೊಸ ಬೋರ್ಡಿಗೆ ಬಣ್ಣ ಬಳಿದ ತಮ್ಮನ ಮಗನಿದ್ದ.

"ನೀರು" ಎಂದ. "ಮಗು ಹಿಡ್ಕೊಂಡಾಗ ಕೆಳಗೆ ದೋಣಿ ಹೋಗ್ತಾ ಇತ್ತು. ಬೈಬಲ್ ಮುಟ್ಟಿ ಹೇಳ್ತೀನಿ, ನೀರು."

ಶೆಡ್ಡಿನ ತಗಡು ಅದುರಿತು. ಯಾರೋ ಅಗ್ನಿಶಾಮಕ ಗಾಡಿಗೆ ಹತ್ತಿ ಗಂಟೆ ಹೊಡೆದರು. ವನೀಟಾಳ ಗಂಡ ಬೂಟು ಬಿಚ್ಚಿ ಮೇಲಕ್ಕೆ ಎಸೆದ. ಗದ್ದಲದ ನಡುವೆ ಹೋಬರ್ಟ್, "ನಮ್ಮೂರಿನವರು ನನ್ನ ಓಡಿಸ್ತಾರೆ ಈಗ" ಎಂದ.

"ಇಲ್ಲಿಗೇ ಬಂದ್ಬಿಡು" ಎಂದಳು ಆರ್ಡಿತ್, ಅವನ ಮುಖ ನೋಡದೆ.

"ಈ ನಾತದಲ್ಲಾ?"

"ತಿನ್ನು. ತಿಂದ್ಮೇಲೆ ಗೊತ್ತಾಗಲ್ಲ."

ಊಟ ಮುಗಿಸಿ ಎಲ್ಲರೂ ಶೆಡ್ಡಿನ ಹಿಂದಿನ ದಡಕ್ಕೆ ಹೋದರು. ಬಿಸಿಲು ಇನ್ನೂ ಬೆಟ್ಟದ ಮೇಲಿತ್ತು. ಮುಚ್ಚಿಹೋದ ಗಾಜಿನ ಕಾರ್ಖಾನೆಯವರು ಸುರಿದ ಗಾಜಿನ ಉಂಡೆಗಳು ಹುಲ್ಲಿನಲ್ಲಿ ಹಸಿರಾಗಿ, ನೀಲಿಯಾಗಿ ಬಿದ್ದಿದ್ದವು. ಡೆಲ್ಬರ್ಟ್ ಅಲ್ಲಿ ಕುಲುಮೆಯ ಕೆಲಸದವನಾಗಿದ್ದ. ರೋವೀನಾ ಎಸೆಯಲು ಕಲಿತದ್ದು ಇದೇ ಉಂಡೆಗಳಲ್ಲಿ, ಇದೇ ದಡದಲ್ಲಿ. "ಓಹಾಯೋಗೆ ಮುಟ್ಟಿಸು, ನೋಡೋಣ" ಎಂದು ಅಪ್ಪ ಕೆಣಕುತ್ತಿದ್ದ. ಯಾವತ್ತೂ ಮುಟ್ಟಿರಲಿಲ್ಲ. ಯಾವ ಮನುಷ್ಯನಿಂದಲೂ ಮುಟ್ಟಿಸಲಾಗದಷ್ಟು ಅಗಲ ನಮ್ಮ ನದಿ.

"ಎಸಿಯೇ ರೋ" ಎಂದಳು ವನೀಟಾ.

ರೋವೀನಾ ಒಂದು ನೀಲಿ ಉಂಡೆ ಆರಿಸಿದಳು. ಮಣ್ಣು ಒರೆಸಿ, ಗಲ್ಲದ ಕೆಳಗೆ ಒತ್ತಿ ಹಿಡಿದು ಬಗ್ಗಿದಳು. ಜನ ಹಿಂದೆ ಸರಿದರು. ಆರ್ಡಿತ್ ಉಸಿರು ಹಿಡಿದಳು. ದೊಡ್ಡದೊಂದು ಕೂಗಿನೊಂದಿಗೆ ಉಂಡೆ ಹೊರಟಿತು. ಬಿಸಿಲಿನಲ್ಲಿ ಒಮ್ಮೆ ಮಿಂಚಿ, ನೀರಿಗೆ ಬಿತ್ತು.

"ನಮ್ಮದ್ರಲ್ಲೇ" ಎಂದ ಒಬ್ಬ ಮುದುಕ.

ನದಿಯ ಕಡೆಯಿಂದ ತಣ್ಣನೆ ಗಾಳಿ ಬೀಸಿತು. ರೋವೀನಾಳ ತೋಳುಗಳು ಬರಿದಾಗಿದ್ದವು. ಹೋಬರ್ಟ್ ಕೋಟು ಬಿಚ್ಚಿ ಚಾಚಿದ. ಅವಳು ಒಂದು ಕೈ ತೂರಿಸಿದಳು. ಇನ್ನೊಂದು ಹೋಗಲಿಲ್ಲ. ಕೋಟನ್ನು ಒಂದು ಭುಜಕ್ಕೆ ಹಾಗೇ ನೇತುಬಿಟ್ಟುಕೊಂಡು, ಇನ್ನೊಂದು ಉಂಡೆಗಾಗಿ ಹುಲ್ಲಿನಲ್ಲಿ ಹುಡುಕತೊಡಗಿದಳು. ಆರ್ಡಿತ್ ಕಾಲಿನಿಂದ ಹುಲ್ಲು ಸರಿಸಿ ಒಂದು ಹಸಿರು ಉಂಡೆ ಕಂಡು, ಅದನ್ನು ಎತ್ತಿ ತನ್ನ ಲಂಗದ ಅಂಚಿನಿಂದ ಒರೆಸುತ್ತ ನಿಂತಳು.